ಗೌಂಡಿಯ ಕೊರಳಿನ ಸಾಲ: ವಿಮೆಯಿಲ್ಲದ ಗುತ್ತಿಗೆ ಯಾರಿಗೆ ಲಾಭ?

ಬೆಳಗಾವಿಯಲ್ಲಿ ಮನೆ ಕಟ್ಟಿಸುವವರು ಗುತ್ತಿಗೆಯ ಮಾತಿಗೆ ಕುಳಿತಾಗ ಎಲ್ಲವನ್ನೂ ಲೆಕ್ಕ ಹಾಕುತ್ತಾರೆ. ಚದರಡಿಗೆ ಎಷ್ಟು, ಖಾನಾಪುರದ ಇಟ್ಟಿಗೆ ಎಷ್ಟು ಲೋಡು ಬೇಕು, ಸೆಂಟ್ರಿಂಗ್ ಬಾಡಿಗೆ ಯಾರ ಮೇಲೆ, ಸ್ಲ್ಯಾಬ್ ಹಾಕುವ ದಿನ ಕೂಲಿಕಾರರ ಊಟ ಯಾರದು ಎಂಬುದೆಲ್ಲ ಮೊದಲೇ ತೀರ್ಮಾನವಾಗುತ್ತದೆ. ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಎತ್ತುವುದಿಲ್ಲ. ಎರಡನೇ ಅಂತಸ್ತಿನ ಸಾರವೆಯಿಂದ ಒಬ್ಬ ಗೌಂಡಿ ಬಿದ್ದು ಪ್ರಾಣ ಬಿಟ್ಟರೆ ಅವನ ಮಡದಿ ಮಕ್ಕಳ ಹೊಣೆ ಯಾರದು? ಅಂತಹ ಮಾತು ಅಪಶಕುನವೆಂದು ಮಾಲಕ ಸುಮ್ಮನಿರುತ್ತಾನೆ. ಖರ್ಚಿನ ಬಾಬತ್ತು ಎಂದು ಗುತ್ತಿಗೆದಾರ ಸುಮ್ಮನಿರುತ್ತಾನೆ. ಕೇಳಿದರೆ ನಾಳೆ ಕೆಲಸವಿರದು ಎಂಬ ಭಯದಿಂದ ಕೂಲಿಕಾರ ಸುಮ್ಮನಿರುತ್ತಾನೆ. ಈ ಮೂವರ ಮೌನದ ಬೆಲೆಯನ್ನು ತೆರುವವಳು ಮಾತುಕತೆಯಲ್ಲಿ ಹಾಜರಿಲ್ಲದ ಒಬ್ಬ ವಿಧವೆ.

ಬೆಳಗಾವಿ ನಗರದ ಹಳೆಯ ಗಲ್ಲಿಗಳಲ್ಲಿಯೂ ಖಾನಾಪುರ ತಾಲೂಕಿನ ಊರುಗಳಲ್ಲಿಯೂ ಗೌಂಡಿ, ಬಿಗಾರಿ, ಸೆಂಟ್ರಿಂಗ್, ಟೈಲ್ಸ್ ಕೆಲಸಗಳನ್ನು ನಂಬಿದ ಮನೆಗಳು ನಮ್ಮ ಸಮುದಾಯದಲ್ಲಿ ಸಾಕಷ್ಟಿವೆ. ನಿನ್ನೆ ಕರಣೆ ಹಿಡಿದು ಗೋಡೆ ಕಟ್ಟುತ್ತಿದ್ದವನು ಇಂದು ಹತ್ತು ಜನರನ್ನು ಕಟ್ಟಿಕೊಂಡು ಸ್ವಂತ ಗುತ್ತಿಗೆ ಹಿಡಿಯುತ್ತಾನೆ. ಇದು ಸಂತೋಷದ ಸಂಗತಿಯೇ. ಆದರೆ ಅವನ ಕಚೇರಿಯೆಂದರೆ ಕಿಸೆಯಲ್ಲಿರುವ ಮೊಬೈಲು, ದಫ್ತರವೆಂದರೆ ಹಾಜರಿ ಬರೆಯುವ ಒಂದು ವಹಿ. ತಾನೂ ಒಬ್ಬ ಕೂಲಿಕಾರನೇ ಎಂದು ಅವನು ಭಾವಿಸುತ್ತಾನೆ. ಕಾನೂನು ಹಾಗೆ ಭಾವಿಸುವುದಿಲ್ಲ. ಅದರ ದೃಷ್ಟಿಯಲ್ಲಿ ಅವನು ಮಾಲಕ.

1923ರ ಕಾರ್ಮಿಕ ಪರಿಹಾರ ಕಾಯ್ದೆ ನಮ್ಮ ದೇಶದ ಹಳೆಯ ಕಾನೂನುಗಳಲ್ಲೊಂದು. 2009ರ ತಿದ್ದುಪಡಿಯಲ್ಲಿ ಅದು ನೌಕರರ ಪರಿಹಾರ ಕಾಯ್ದೆ ಎಂಬ ಹೆಸರು ಪಡೆಯಿತು. 2025ರ ನವೆಂಬರ್ 21ರಂದು ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಾಗ ಆ ಕಾಯ್ದೆ ರದ್ದಾಯಿತಾದರೂ ಅದರ ತಿರುಳು ಸಂಹಿತೆಯೊಳಗೆ ಉಳಿದುಕೊಂಡಿದೆ. ನೆಲದಿಂದ ಛಾವಣಿಯ ತುದಿಯವರೆಗೆ 12 ಅಡಿ ಅಥವಾ ಅದಕ್ಕೂ ಎತ್ತರವಿರುವ ಕಟ್ಟಡದ ನಿರ್ಮಾಣ, ದುರಸ್ತಿ, ಕೆಡಹುವಿಕೆ ಎಲ್ಲವೂ ಪರಿಹಾರದ ವ್ಯಾಪ್ತಿಗೆ ಬರುತ್ತವೆ. ಅಂದರೆ ಒಂದೇ ಅಂತಸ್ತಿನ ಸಾಧಾರಣ ಮನೆಯೂ ಹೊರತಲ್ಲ. 'ಅವನು ದಿನಗೂಲಿಯವನು' ಎಂಬ ನೆಪ ನಡೆಯದು. 'ಅವನೇ ಕಾಲು ಜಾರಿ ಬಿದ್ದ' ಎಂಬ ವಾದವೂ ನಿಲ್ಲದು. ಕೆಲಸದ ವೇಳೆ, ಕೆಲಸದ ಕಾರಣದಿಂದ ಸಾವು ಸಂಭವಿಸಿದರೆ ಮಾಲಕನ ತಪ್ಪಿದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಉದ್ಭವಿಸುವುದಿಲ್ಲ.

ಮೊತ್ತವೆಷ್ಟು? ಮೃತನ ಮಾಸಿಕ ಕೂಲಿಯ ಅರ್ಧವನ್ನು ಅವನ ವಯಸ್ಸಿಗೆ ನಿಗದಿಯಾದ ಅಂಶದಿಂದ ಗುಣಿಸಬೇಕು. ಲೆಕ್ಕಕ್ಕೆ ಹಿಡಿಯುವ ಕೂಲಿಯ ಮಿತಿಯನ್ನು 2020ರಲ್ಲಿ ಹಳೆಯ ಕಾಯ್ದೆಯಡಿ 15,000 ರೂಪಾಯಿಗೆ ಏರಿಸಲಾಯಿತು. 30 ವರ್ಷದವನಿಗೆ ಅಂಶ 207.98. ಏಳೂವರೆ ಸಾವಿರವನ್ನು ಅದರಿಂದ ಗುಣಿಸಿದರೆ 15,59,850 ರೂಪಾಯಿ. ಒಂದು ಮನೆಯ ಗುತ್ತಿಗೆಯಲ್ಲಿ ಇಷ್ಟು ಲಾಭ ಉಳಿಸಿಕೊಳ್ಳುವ ಗೌಂಡಿ ಮೇಸ್ತ್ರಿ ಬೆಳಗಾವಿಯಲ್ಲಿ ಎಷ್ಟು ಮಂದಿಯಿದ್ದಾರೆ? ತಿಂಗಳೊಳಗೆ ಪಾವತಿಸದಿದ್ದರೆ ಬಡ್ಡಿ ಸೇರುತ್ತದೆ, ದಂಡವೂ ಬೀಳಬಹುದು.

ಇಲ್ಲಿ ಇನ್ನೊಂದು ಸಂಗತಿಯನ್ನು ನಮ್ಮ ಗುತ್ತಿಗೆದಾರರು ಅರಿಯಬೇಕು. ಕಟ್ಟಡ ಕಟ್ಟಿ ಮಾರುವುದನ್ನೇ ವ್ಯಾಪಾರ ಮಾಡಿಕೊಂಡ ಬಿಲ್ಡರ್ ಕೆಲಸ ಕೊಟ್ಟಿದ್ದರೆ, ಕುಟುಂಬವು ಆ ಬಿಲ್ಡರನಿಂದಲೇ ಪರಿಹಾರ ಕೇಳಬಹುದು. ಆದರೆ ಅವನು ಆ ಹಣವನ್ನು ಗುತ್ತಿಗೆದಾರನಿಂದ ವಸೂಲು ಮಾಡಲು ಹಕ್ಕುಳ್ಳವನು. ಇನ್ನು ವಾಸಕ್ಕೆಂದು ಸ್ವಂತ ಮನೆ ಕಟ್ಟಿಸುವ ಶಿಕ್ಷಕನೋ ಅಂಗಡಿಯವನೋ ಆಗಿದ್ದರೆ, ಕಟ್ಟಡ ಅವನ ವ್ಯಾಪಾರವಲ್ಲವಾದ್ದರಿಂದ ಹೊಣೆ ನೇರವಾಗಿ ಗುತ್ತಿಗೆದಾರನ ಮೇಲೆ ಬರುತ್ತದೆ. ಎರಡು ಹಾದಿಗಳೂ ಕೊನೆಗೆ ಬಂದು ನಿಲ್ಲುವುದು ಅವನ ಬಾಗಿಲಿನಲ್ಲಿಯೇ.

ವಾಸ್ತವದಲ್ಲಿ ನಡೆಯುತ್ತಿರುವುದೇನು? ಸಾವಿನ ಮೂರನೇ ದಿನ ಹಿರಿಯರು ಸೇರುತ್ತಾರೆ. ಮಾಲಕ ಸ್ವಲ್ಪ, ಗುತ್ತಿಗೆದಾರ ಸ್ವಲ್ಪ ಎಂದು ಒಂದು ಮೊತ್ತ ಹೊಂದಿಸುತ್ತಾರೆ. ಛಾಪಾ ಕಾಗದದ ಮೇಲೆ 'ಇನ್ನು ಮುಂದೆ ಯಾವ ತಕರಾರೂ ಇಲ್ಲ' ಎಂದು ಬರೆಸಿ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಪೊಲೀಸ್ ಠಾಣೆಯ ಅಲೆದಾಟ ತಪ್ಪಿಸಿದೆವೆಂಬ ಸಮಾಧಾನ ಎಲ್ಲರಿಗೂ. ಖೇದದ ಸಂಗತಿಯೆಂದರೆ, ಇಂತಹ ರಾಜಿಗಳಲ್ಲಿ ನಮ್ಮ ಜಮಾಅತ್‌ಗಳ ಹಿರಿಯರೂ ಮುಂದಾಳುಗಳಾಗುತ್ತಾರೆ. ಅವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಒಪ್ಪಂದ ಕಾನೂನಿನ ಮುಂದೆ ಶೂನ್ಯ. ಮರಣದ ಪರಿಹಾರವನ್ನು ಸಕ್ಷಮ ಪ್ರಾಧಿಕಾರದಲ್ಲಿ ಠೇವಣಿ ಇಡಬೇಕೇ ಹೊರತು, ಕೈಯಿಂದ ಕೈಗೆ ಕೊಟ್ಟ ಹಣವನ್ನು ಪರಿಹಾರವೆಂದು ಪರಿಗಣಿಸಲಾಗುವುದಿಲ್ಲ. ಹಾಗಾದರೆ ಆ ರಾಜಿಯಿಂದ ಯಾರು ಗೆದ್ದರು? ವಿಧವೆಗೆ ಹಕ್ಕಿನ ಅಲ್ಪಭಾಗ ಮಾತ್ರ ಸಿಕ್ಕಿತು, ಗುತ್ತಿಗೆದಾರನ ಕೊರಳಿನಿಂದ ಸಾಲವೂ ಇಳಿಯಲಿಲ್ಲ.

ಈ ಸಾಲವನ್ನು ಇಳಿಸುವ ದಾರಿ ವಿಮೆ. ನೌಕರರ ಪರಿಹಾರ ಪಾಲಿಸಿಯನ್ನು ಸಾರ್ವಜನಿಕ ಕ್ಷೇತ್ರದ ನಾಲ್ಕು ಸಾಮಾನ್ಯ ವಿಮಾ ಕಂಪೆನಿಗಳೂ ಖಾಸಗಿ ಕಂಪೆನಿಗಳೂ ನೀಡುತ್ತವೆ. ಕೆಲಸಗಾರರ ಸಂಖ್ಯೆ, ಕೂಲಿಯ ಒಟ್ಟು ಮೊತ್ತ, ಕೆಲಸದ ಸ್ವರೂಪ, ಸ್ಥಳ ಇವುಗಳ ಮೇಲೆ ಕಂತು ನಿರ್ಧಾರವಾಗುತ್ತದೆ. ಆದರೆ ಪಾಲಿಸಿಯ ಕಾಗದ ಕೈಗೆ ಬಂದಾಕ್ಷಣ ನಿಶ್ಚಿಂತರಾಗಬಾರದು. ಕಂತು ಉಳಿಸಲು ಹತ್ತು ಜನರಿದ್ದಲ್ಲಿ ನಾಲ್ವರನ್ನು ತೋರಿಸಿದರೆ ಆಪತ್ತಿನ ದಿನ ಕಂಪೆನಿ ಅದನ್ನೇ ಎತ್ತಿ ಹಿಡಿಯುತ್ತದೆ. ಉಪಗುತ್ತಿಗೆಯ ಸೆಂಟ್ರಿಂಗ್ ಕೆಲಸಗಾರರನ್ನು ಸೇರಿಸಿದ್ದೇವೆಯೇ, ಚಿಕಿತ್ಸೆಯ ವೆಚ್ಚ ಸೇರಿದೆಯೇ ಎಂದು ಕೇಳಿ ಬರೆಸಿಕೊಳ್ಳಬೇಕು. ಖಾನಾಪುರದ ಅನೇಕರು ಗೋವಾಕ್ಕೆ ಹೋಗಿ ದುಡಿಯುತ್ತಾರೆ. ಪಾಲಿಸಿಯಲ್ಲಿ ಬೆಳಗಾವಿಯ ಕೆಲಸವನ್ನಷ್ಟೇ ಬರೆಸಿ ಅದೇ ತಂಡವನ್ನು ಗೋವಾಕ್ಕೆ ಕರೆದೊಯ್ದರೆ ತಕರಾರು ಖಂಡಿತ. ಮಲೆನಾಡಿನ ಮಳೆ ಸುರಿಯುವ ಆ ತಾಲೂಕಿನಲ್ಲಿ ನೆನೆದ ಗೋಡೆ, ಕುಸಿಯುವ ಪಾಯದ ಗುಂಡಿ ಹೊಸತೇನಲ್ಲ. ಪಕ್ಕದ ಮನೆಯ ಗೋಡೆ ಬಿದ್ದರೆ, ದಾರಿಹೋಕನ ಮೇಲೆ ಇಟ್ಟಿಗೆ ಉರುಳಿದರೆ ಈ ಪಾಲಿಸಿ ಉತ್ತರಿಸುವುದಿಲ್ಲ. ಅದಕ್ಕೆ ಮೂರನೆಯವರ ಹಾನಿಯನ್ನೂ ಒಳಗೊಂಡ ಗುತ್ತಿಗೆದಾರರ ಸಮಗ್ರ ವಿಮೆ ಬೇರೆಯೇ ಇದೆ.

ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಇದೆಯಲ್ಲ ಎಂದು ಕೆಲವರು ಹೇಳುವುದುಂಟು. ರಾಜ್ಯದಲ್ಲಿ 2007ರಲ್ಲಿ ಸ್ಥಾಪನೆಯಾದ ಆ ಮಂಡಳಿಯಲ್ಲಿ ನೋಂದಾಯಿಸುವುದು ಅಗತ್ಯವೇ. ವರ್ಷಕ್ಕೆ 20 ರೂಪಾಯಿಗೆ 2 ಲಕ್ಷ ರೂಪಾಯಿಯ ಅಪಘಾತ ವಿಮೆ ನೀಡುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯೂ ಪ್ರತಿಯೊಬ್ಬ ಕೂಲಿಕಾರನ ಖಾತೆಯಲ್ಲಿರಬೇಕು. ಆದರೆ ಇವು ಸರಕಾರದ ನೆರವು. ಮಾಲಕನ ಹೊಣೆಯನ್ನು ಇವು ಅಳಿಸಲಾರವು.

ವಿಮೆಯಲ್ಲಿ ಬಡ್ಡಿ ಮತ್ತು ಅನಿಶ್ಚಿತತೆಯ ಅಂಶಗಳಿವೆಯೆಂಬ ಧಾರ್ಮಿಕ ಆಕ್ಷೇಪವನ್ನು ನಾವು ಹಗುರವಾಗಿ ಕಾಣುವುದಿಲ್ಲ. 1985ರಲ್ಲಿ ಜಿದ್ದಾದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ ವಾಣಿಜ್ಯ ವಿಮೆಯನ್ನು ಒಪ್ಪದೆ ಸಹಕಾರಿ ವಿಮೆಯನ್ನು ಪರ್ಯಾಯವಾಗಿ ಸೂಚಿಸಿತು. ಮಲೇಶ್ಯ 1984ರಲ್ಲೇ ತಕಾಫುಲ್ ಕಾನೂನು ಮಾಡಿತ್ತು. ನಮ್ಮ ದೇಶದಲ್ಲಿ ಅಂತಹ ಪ್ರತ್ಯೇಕ ಕಾನೂನಿಲ್ಲ. ಹಾಗಿರುವಾಗ ಈ ಪಾಲಿಸಿಯ ವಿಷಯದಲ್ಲಿ ವಿದ್ವಾಂಸರ ಮಾರ್ಗದರ್ಶನ ಕೇಳುವುದು ಸರಿಯೇ. ಆದರೆ ಇದು ತನ್ನ ಲಾಭಕ್ಕಾಗಿ ಮಾಡುವ ವಿಮೆಯಲ್ಲ, ಇನ್ನೊಬ್ಬರ ಹಕ್ಕನ್ನು ತೀರಿಸಲು ಮಾಡುವ ಏರ್ಪಾಡು ಎಂಬುದನ್ನೂ ಅವರ ಮುಂದಿಡಬೇಕು. ಉದ್ದೇಶವಿಲ್ಲದೆ ಪ್ರಾಣಹಾನಿಯಾದಾಗ ಪರಿಹಾರಧನದ ಭಾರವನ್ನು ಕುಲದವರೆಲ್ಲ ಹಂಚಿಕೊಳ್ಳುವ 'ಆಕಿಲ' ಪದ್ಧತಿ ನಮ್ಮ ಕರ್ಮಶಾಸ್ತ್ರದಲ್ಲಿಯೇ ಇದೆಯಲ್ಲವೇ? ಪಾಲಿಸಿಯ ಬಗ್ಗೆ ಭಿನ್ನಾಭಿಪ್ರಾಯವಿರಬಹುದು, ಕೂಲಿಕಾರನ ಹಕ್ಕಿನ ಬಗ್ಗೆ ಇರಲು ಸಾಧ್ಯವಿಲ್ಲ. ವಿಮೆ ಬೇಡವೆನ್ನುವ ಗುತ್ತಿಗೆದಾರ ಹದಿನೈದು ಲಕ್ಷವನ್ನು ಬೇರೆಯಾಗಿ ತೆಗೆದಿಟ್ಟಿರಬೇಕು. ಅದೂ ಇಲ್ಲ, ಇದೂ ಇಲ್ಲ ಎಂದಾದರೆ ಅದು ಧರ್ಮನಿಷ್ಠೆಯಲ್ಲ, ಜಿಪುಣತನಕ್ಕೆ ತೊಡಿಸಿದ ನಿಲುವಂಗಿ.

ಸರಕಾರವೂ ಉತ್ತರ ಹೇಳಬೇಕು. 2019ರ ಮಾರ್ಚ್ 19ರಂದು ನೆರೆಯ ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು 19 ಮಂದಿ ಬಲಿಯಾದಾಗ ಮಂತ್ರಿಗಳು ಧಾವಿಸಿದರು, ಪರಿಹಾರ ಘೋಷಣೆಯಾಯಿತು. ಒಬ್ಬೊಬ್ಬರಾಗಿ ಬಿದ್ದು ಸಾಯುವವರ ಮನೆಗೆ ಯಾವ ಮಂತ್ರಿ ಬರುತ್ತಾನೆ? ಕಟ್ಟಡ ಕಾರ್ಮಿಕರ ಸೆಸ್ ಹಣ ಅವರಿಗೆ ತಲುಪದಿರುವುದನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಕಟುವಾಗಿ ಟೀಕಿಸಿತು. ಹೊಸ ಸಂಹಿತೆಯೋ, ಸ್ವಂತ ವಾಸದ ಮನೆಗಳಿಗಿದ್ದ ಸೆಸ್ ವಿನಾಯಿತಿಯ ಮಿತಿಯನ್ನು 10 ಲಕ್ಷದಿಂದ 50 ಲಕ್ಷ ರೂಪಾಯಿಗೆ ಏರಿಸಿದೆ. ನಮ್ಮ ಗೌಂಡಿಗಳು ಕಟ್ಟುವುದು ಹೆಚ್ಚಾಗಿ ಅಂತಹ ಮನೆಗಳನ್ನೇ. 2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನಕ್ಕೆ ಸೇರುವ ಶಾಸಕರು ಆ ಕಲ್ಲುಗಳನ್ನು ಏರಿಸಿದ ಕೈಗಳ ಬಗ್ಗೆ ಒಂದು ದಿನವಾದರೂ ಚರ್ಚಿಸಬಾರದೇ? ಕಟ್ಟಡ ಪರವಾನಿಗೆ ನೀಡುವಾಗಲೇ ನೌಕರರ ಪರಿಹಾರ ಪಾಲಿಸಿಯ ಪ್ರತಿ ಕೇಳುವ ನಿಯಮವನ್ನು ಮಹಾನಗರ ಪಾಲಿಕೆಯೂ ಖಾನಾಪುರದ ಪಟ್ಟಣ ಪಂಚಾಯತ್ತೂ ಏಕೆ ತರಬಾರದು?

ಆದರೆ ಸರಕಾರಕ್ಕಾಗಿ ಕಾಯುತ್ತ ಕೂರುವುದು ಬೇಡ. ಮನೆ ಕಟ್ಟಿಸುವವರು ವಿಮೆಯ ಕಂತನ್ನು ಸಿಮೆಂಟ್, ಕಬ್ಬಿಣದಂತೆಯೇ ಗುತ್ತಿಗೆಯ ಒಂದು ಬಾಬತ್ತಾಗಿ ಒಪ್ಪಿಕೊಳ್ಳಲಿ. ಚದರಡಿಗೆ ಕಡಿಮೆ ದರ ಹೇಳಿದವನಿಗೇ ಕೆಲಸ ಎಂಬ ಚೌಕಾಶಿಯೇ ಗುತ್ತಿಗೆದಾರನನ್ನು ಈ ಸ್ಥಿತಿಗೆ ತಂದಿದೆ. ಮೇಸ್ತ್ರಿಗಳು ಹಾಜರಿ ವಹಿಯಲ್ಲಿ ಪ್ರತಿಯೊಬ್ಬನ ಹೆಸರು, ಕೂಲಿಗಳನ್ನು ದಿನವೂ ಬರೆದಿಡಲಿ. ಆಪತ್ತಿನಲ್ಲಿ ಅದೇ ಸಾಕ್ಷಿ. ನಮ್ಮ ಜಮಾಅತ್‌ಗಳು ಮಸೀದಿ, ಮದ್ರಸಗಳ ಕಟ್ಟಡ ಕೆಲಸದಿಂದಲೇ ಇದನ್ನು ಆರಂಭಿಸಲಿ. ಅಲ್ಲಾಹನ ಭವನದ ಗೋಡೆಯಿಂದ ಬಿದ್ದವನ ಮಕ್ಕಳು ಅನಾಥರಾಗಿ ಅದೇ ಮಸೀದಿಯ ಮೆಟ್ಟಿಲಲ್ಲಿ ಕೈಯೊಡ್ಡುವಂತಾದರೆ ನಾವು ಯಾರಿಗೆ ಮುಖ ತೋರಿಸುವುದು? ಇನ್ನು ಮುಂದೆ ರಾಜಿಗೆ ಕುಳಿತುಕೊಳ್ಳುವ ಹಿರಿಯರು ಛಾಪಾ ಕಾಗದವನ್ನು ಬದಿಗಿಟ್ಟು, ಆ ಹೆಣ್ಣುಮಗಳನ್ನು ಕಾರ್ಮಿಕ ಇಲಾಖೆಯ ಕಚೇರಿಗೆ ಕರೆದೊಯ್ಯಲಿ.

ದುಡಿದವನ ಕೂಲಿಯನ್ನು ತಡಮಾಡದೆ ಕೊಡಬೇಕೆಂಬುದು ನಮಗೆ ಬಾಲ್ಯದಿಂದಲೂ ತಿಳಿದ ಪಾಠ. ದುಡಿಯುತ್ತಲೇ ಜೀವ ಬಿಟ್ಟವನ ಪರಿಹಾರವೂ ಅವನ ಕೂಲಿಯೇ. ಅದನ್ನು ಬಾಕಿಯಿರಿಸಿಕೊಂಡು ಕಟ್ಟಿದ ಮನೆ ಎಷ್ಟೇ ಅಂತಸ್ತಿನದಾದರೂ ಅದರ ಪಾಯದಲ್ಲಿ ಸಾಲವಿದೆ.