ರಬ್ಬರ್ ತೋಟದಿಂದ ಕಾಲೇಜಿಗೆ: 1950ರ ಪ್ರಶ್ನೆಗೆ ಉತ್ತರಿಸುವವರು ಯಾರು?

ಪುತ್ತೂರು: ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳಿಗೆ ಕಾಲೇಜುಗಳ ಕೊರತೆಯಿಲ್ಲ. ಪುತ್ತೂರಿನಲ್ಲಿ 1958ರಲ್ಲಿ ಸಂತ ಫಿಲೋಮಿನಾ ಕಾಲೇಜು, 1965ರಲ್ಲಿ ವಿವೇಕಾನಂದ ಕಾಲೇಜು ಆರಂಭವಾದವು. ಸುಳ್ಯದಲ್ಲಿ ಕುರುಂಜಿ ವೆಂಕಟರಮಣ ಗೌಡರು 1976ರಲ್ಲಿ ನೆಹರೂ ಮೆಮೋರಿಯಲ್ ಕಾಲೇಜನ್ನು ಸ್ಥಾಪಿಸಿ, ಮುಂದೆ ಎಂಜಿನಿಯರಿಂಗ್, ವೈದ್ಯಕೀಯ ಶಿಕ್ಷಣವನ್ನೂ ಆ ಪುಟ್ಟ ಪಟ್ಟಣಕ್ಕೆ ತಂದರು. ಆದರೆ ಈ ಕಾಲೇಜುಗಳಿಂದ ಕೆಲವೇ ಕಿಲೋಮೀಟರು ದೂರದ ರಬ್ಬರ್ ತೋಟಗಳಲ್ಲಿ ವಾಸಿಸುವ ಒಂದು ಸಮುದಾಯದ ಮಕ್ಕಳಿಗೆ ಕಾಲೇಜಿನ ದಾರಿ ಇಂದಿಗೂ ಸುಗಮವಾಗಿಲ್ಲ. ಶ್ರೀಲಂಕಾದಿಂದ ಮರಳಿ ಬಂದ ತಮಿಳು ಕುಟುಂಬಗಳ ಮೂರನೆಯ ತಲೆಮಾರು ಇದು.

ಒಪ್ಪಂದದ ಮೇರೆಗೆ ಬಂದವರು

ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನ ಹಳ್ಳಿಗಳಿಂದ ಸಿಲೋನಿನ ಚಹಾ ಮತ್ತು ರಬ್ಬರ್ ತೋಟಗಳಿಗೆ ಹೋದ ಕೂಲಿಕಾರರ ವಂಶಜರು ಇವರು. ದ್ವೀಪವು ಸ್ವತಂತ್ರವಾದ 1948ರಲ್ಲಿಯೇ ಅಲ್ಲಿನ ಪೌರತ್ವ ಕಾಯ್ದೆಯು ಇವರಲ್ಲಿ ಬಹುತೇಕರನ್ನು ಯಾವ ದೇಶಕ್ಕೂ ಸೇರದವರನ್ನಾಗಿಸಿತು. 1964ರ ಅಕ್ಟೋಬರ್ 30ರಂದು ಪ್ರಧಾನಿಗಳಾದ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಿಕೆ ಸಹಿ ಹಾಕಿದ ಒಪ್ಪಂದದಂತೆ 5.25 ಲಕ್ಷ ಜನರನ್ನು ಭಾರತವೂ, 3 ಲಕ್ಷ ಜನರನ್ನು ಶ್ರೀಲಂಕಾವೂ ಸ್ವೀಕರಿಸಬೇಕೆಂದು ನಿರ್ಧಾರವಾಯಿತು. ಉಳಿದ 1.5 ಲಕ್ಷ ಜನರನ್ನು 1974ರಲ್ಲಿ ಉಭಯ ದೇಶಗಳು ಸಮನಾಗಿ ಹಂಚಿಕೊಂಡವು.

ಹೀಗೆ ಬಂದವರಲ್ಲಿ ಒಂದು ಭಾಗಕ್ಕೆ ಕರ್ನಾಟಕದಲ್ಲಿ ನೆಲೆ ದೊರೆತದ್ದು ಇಂದು ಅರಣ್ಯ ಅಭಿವೃದ್ಧಿ ನಿಗಮದ ಅಧೀನದಲ್ಲಿರುವ ರಬ್ಬರ್ ತೋಟಗಳಲ್ಲಿ. ಇವರ ವಸತಿಗಳು ಈ ಭಾಗದಲ್ಲಿ ಸಿ.ಆರ್.ಸಿ. ಕಾಲೊನಿಗಳೆಂದೇ ಪರಿಚಿತ. ಕಾನೂನಿನ ದೃಷ್ಟಿಯಲ್ಲಿ ಇವರು ನಿರಾಶ್ರಿತರಲ್ಲ, ಭಾರತದ ಪ್ರಜೆಗಳು. 1983ರ ಜನಾಂಗೀಯ ಹಿಂಸೆಯ ನಂತರ ತಮಿಳುನಾಡಿನ ಶಿಬಿರಗಳಿಗೆ ಬಂದವರ ಕಥೆಯೇ ಬೇರೆ. ಈ ವ್ಯತ್ಯಾಸವನ್ನು ಗಮನಿಸದ ಕಾರಣ ಜನಸಾಮಾನ್ಯರ ಮಾತಿನಲ್ಲಿ ಇಬ್ಬರೂ ಒಂದೇ ಆಗಿಬಿಟ್ಟಿದ್ದಾರೆ.

ಪುನರ್ವಸತಿಯ ಮೂಲ ಉದ್ದೇಶ ತೋಟಕ್ಕೆ ನುರಿತ ಕೈಗಳನ್ನು ಒದಗಿಸುವುದಾಗಿತ್ತು. ಮನೆ ದೊರೆತದ್ದು ಕೆಲಸದ ಜೊತೆಗೆ. ಕೆಲಸ ಮುಗಿದರೆ ಮನೆಯ ಹಕ್ಕೂ ಅನಿಶ್ಚಿತ. ನಸುಕಿನಲ್ಲೇ ಮರ ಕೆತ್ತಿ ಹಾಲು ಸಂಗ್ರಹಿಸುವ ಕುಟುಂಬದಲ್ಲಿ ಒಬ್ಬರಾದರೂ ಟ್ಯಾಪಿಂಗ್ ಕೆಲಸದಲ್ಲಿ ಉಳಿಯಲೇಬೇಕೆಂಬ ಒತ್ತಡ ಇದರಿಂದ ಹುಟ್ಟುತ್ತದೆ. 2011ರಲ್ಲಿ ಕಿಲೋಗೆ 200 ರೂಪಾಯಿ ಮೀರಿದ್ದ ರಬ್ಬರ್ ಧಾರಣೆ 2016ರ ಆರಂಭದಲ್ಲಿ 100 ರೂಪಾಯಿಗಿಂತ ಕೆಳಗಿಳಿದಾಗ ಕಂಗೆಟ್ಟದ್ದು ತೋಟದ ಲೆಕ್ಕಪತ್ರ ಮಾತ್ರವಲ್ಲ. ಇಂಥ ಸಮಯದಲ್ಲಿ ಬಡ ಕುಟುಂಬವು ಮೊದಲು ಕೈಬಿಡುವ ಖರ್ಚು ಕಾಲೇಜಿನದು.

ಒಂದು ದಿನಾಂಕದ ತೊಡಕು

ಬಡತನಕ್ಕಿಂತ ಬಿಗಿಯಾದ ಗಂಟು ಜಾತಿ ಪ್ರಮಾಣಪತ್ರದ್ದು. ಮರಳಿ ಬಂದವರಲ್ಲಿ ಗಣನೀಯ ಭಾಗ ದಲಿತರು. ಆದಿದ್ರಾವಿಡ ಎಂಬ ಹೆಸರು ತಮಿಳುನಾಡಿನ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿಯೂ ಇದೆ, ಕರ್ನಾಟಕದ ಪಟ್ಟಿಯಲ್ಲಿಯೂ ಇದೆ. ಹೆಸರಿದ್ದ ಮಾತ್ರಕ್ಕೆ ಪ್ರಮಾಣಪತ್ರ ದೊರೆಯುವುದಿಲ್ಲ. ಪರಿಶಿಷ್ಟ ಜಾತಿಗಳ ಕುರಿತ ರಾಷ್ಟ್ರಪತಿಗಳ ಆದೇಶ ಹೊರಬಿದ್ದ ದಿನ 1950ರ ಆಗಸ್ಟ್ 10. ಅಂದು ಕುಟುಂಬದ ಕಾಯಂ ವಾಸ ಯಾವ ರಾಜ್ಯದಲ್ಲಿತ್ತು ಎಂಬುದೇ ಅರ್ಹತೆಯ ಮಾನದಂಡ.

ಈ ಪ್ರಶ್ನೆಯನ್ನು ತೋಟದ ಹುಡುಗಿಯೊಬ್ಬಳಿಗೆ ಕೇಳಿದರೆ ಆಕೆ ಏನೆಂದು ಉತ್ತರಿಸಬೇಕು? ಅಂದು ಆಕೆಯ ಅಜ್ಜ ಸಿಲೋನಿನ ತೋಟದಲ್ಲಿದ್ದ, ಯಾವ ದೇಶದ ಪ್ರಜೆಯೂ ಆಗಿರಲಿಲ್ಲ. ಮೂಲ ಹುಡುಕಿಕೊಂಡು ಹೋದರೆ ತಮಿಳುನಾಡಿನ ಯಾವುದೋ ಹಳ್ಳಿ ಸಿಗಬಹುದು. ಆದರೆ ವಲಸೆ ಬಂದವರಿಗೆ ಮೂಲ ರಾಜ್ಯದ ಮೀಸಲಾತಿ ಹೊಸ ರಾಜ್ಯದಲ್ಲಿ ಅನ್ವಯಿಸದು. ಆಂಧ್ರಪ್ರದೇಶದ ಪರಿಶಿಷ್ಟ ಪಂಗಡಕ್ಕೆ ಸೇರಿ, ಬಾಲ್ಯದಲ್ಲೇ ತಂದೆಯೊಂದಿಗೆ ಮುಂಬೈಗೆ ಬಂದಿದ್ದ ವಿದ್ಯಾರ್ಥಿಯೊಬ್ಬ ವೈದ್ಯಕೀಯ ಸೀಟಿಗಾಗಿ ಹೂಡಿದ್ದ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು 1990ರಲ್ಲಿ ಇದನ್ನೇ ಸ್ಪಷ್ಟಪಡಿಸಿತು.

ಆ ತೀರ್ಪಿನ ಹಿಂದಿನ ತರ್ಕ ಅರ್ಥವಾಗುವಂಥದ್ದು. ಒಂದು ಜಾತಿಯ ಹಿಂದುಳಿದಿರುವಿಕೆ ಆಯಾ ರಾಜ್ಯದ ಪರಿಸ್ಥಿತಿಗೆ ಸಂಬಂಧಿಸಿದ್ದು ಎಂಬುದು ಅದರ ತಿರುಳು. ಆದರೆ ಉದ್ಯೋಗ ಅರಸಿ ತಾನಾಗಿ ಊರು ಬಿಟ್ಟವನಿಗೂ, ಎರಡು ಸರ್ಕಾರಗಳ ಒಪ್ಪಂದದಂತೆ ಹಡಗು ಹತ್ತಿ ಬಂದವನಿಗೂ ಅಂತರವಿದೆ. ಕೇಂದ್ರದ ಉದ್ಯೋಗ ನಿಯಮಗಳು ಈ ಅಂತರವನ್ನು ಗುರುತಿಸಿದ್ದುಂಟು. 1964ರ ನವೆಂಬರ್ 1ರ ನಂತರ ಈ ಒಪ್ಪಂದದಡಿ ಬಂದವರಿಗೆ ನೇಮಕಾತಿಯಲ್ಲಿ ವಯೋಮಿತಿ ಸಡಿಲಿಕೆ ನೀಡಲಾಗಿತ್ತು. ಅವರ ಮೊಮ್ಮಕ್ಕಳ ಕಾಲೇಜು ಪ್ರವೇಶದ ವಿಷಯದಲ್ಲಿ ಅಂಥ ಸ್ಪಷ್ಟತೆ ಕಾಣದು.

ಫಲಿತಾಂಶ ವಿಚಿತ್ರವಾದದ್ದು. ಕನ್ನಡ ಶಾಲೆಯಲ್ಲಿ ಕಲಿತ ಈ ಮಕ್ಕಳು ವೃತ್ತಿಶಿಕ್ಷಣದ ಸಿಇಟಿಗೆ ಕರ್ನಾಟಕದ ಅಭ್ಯರ್ಥಿಗಳಾಗಿ ಅರ್ಹರು. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು ಆಡಿ ಬೆಳೆದವರು. ಆದರೆ ಪ್ರಮಾಣಪತ್ರ ಕೈಸೇರದಿದ್ದರೆ ಅವರು ಸಾಮಾನ್ಯ ವರ್ಗದವರು. ಮೀಸಲು ಸೀಟು, ಶುಲ್ಕ ವಿನಾಯಿತಿ, ವಿದ್ಯಾರ್ಥಿವೇತನ, ಹಾಸ್ಟೆಲು, ಮುಂದೆ ಸಂಶೋಧನಾ ಫೆಲೋಶಿಪ್ ಎಲ್ಲವೂ ಆ ಒಂದು ಹಾಳೆಯನ್ನೇ ಅವಲಂಬಿಸಿವೆ. ಸುಳ್ಯ ವಿಧಾನಸಭಾ ಕ್ಷೇತ್ರವೇ ಪರಿಶಿಷ್ಟ ಜಾತಿಗೆ ಮೀಸಲು ಎಂಬುದನ್ನು ಇಲ್ಲಿ ನೆನೆಯಬೇಕು.

ಬೈಲಕುಪ್ಪೆ ಹೇಳುವ ಪಾಠ

ಇದೇ ರಾಜ್ಯದಲ್ಲಿ ನೆಲೆ ಕಳೆದುಕೊಂಡ ಇನ್ನೊಂದು ಸಮುದಾಯ ಬೇರೆ ಹಾದಿ ಹಿಡಿದಿದೆ. 1960ರಲ್ಲಿ ಅಂದಿನ ಮೈಸೂರು ಸರ್ಕಾರವು ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ನೀಡಿ ಟಿಬೆಟನ್ನರಿಗೆ ವಸತಿ ಕಲ್ಪಿಸಿತು. ಅವರು ಪ್ರಜೆಗಳಲ್ಲ, ವಿದೇಶೀಯರೆಂದು ನೋಂದಾಯಿತರಾಗಿ ಬಂದವರು. ಆದರೂ ಸೆರಾ ಮಹಾವಿಹಾರವನ್ನು ಬೈಲಕುಪ್ಪೆಯಲ್ಲಿಯೂ, ಡ್ರೆಪುಂಗ್ ಮತ್ತು ಗಾಂದೆನ್ ವಿಹಾರಗಳನ್ನು ಮುಂಡಗೋಡಿನಲ್ಲಿಯೂ ಪುನಃ ಕಟ್ಟಿಕೊಂಡರು. ಇವು ಪೂಜಾಸ್ಥಾನಗಳಷ್ಟೇ ಅಲ್ಲ. ತರ್ಕ, ದರ್ಶನಗಳನ್ನು ದೀರ್ಘಕಾಲ ಅಭ್ಯಸಿಸಿ ಗೆಶೆ ಪದವಿ ಪಡೆಯುವ ವಿದ್ಯಾಪೀಠಗಳು. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಸಹಯೋಗದಲ್ಲಿ ಈ ವಿಹಾರಗಳ ಭಿಕ್ಷುಗಳು ಭೌತವಿಜ್ಞಾನ, ನರವಿಜ್ಞಾನಗಳನ್ನೂ ಕಲಿಯತೊಡಗಿದರು. 2016ರ ಡಿಸೆಂಬರಿನಲ್ಲಿ 20 ಭಿಕ್ಷುಣಿಯರು ಗೆಶೆಮಾ ಪದವಿ ಸ್ವೀಕರಿಸಿದ್ದು ಮುಂಡಗೋಡಿನಲ್ಲಿಯೇ. ಇವೆಲ್ಲವೂ ನಿರಾಶ್ರಿತರೇ ನಡೆಸುವ ವ್ಯವಸ್ಥೆ.

ತಮಿಳುನಾಡಿನ ಶಿಬಿರಗಳಲ್ಲಿಯೂ ಇದಕ್ಕೆ ನಿದರ್ಶನವಿದೆ. ಲಂಕೆಯಿಂದ ಬಂದ ಎಸ್.ಸಿ. ಚಂದ್ರಹಾಸನ್ ಅವರು 1984ರಲ್ಲಿ ಚೆನ್ನೈನಲ್ಲಿ ಕಟ್ಟಿದ ಈಳಂ ನಿರಾಶ್ರಿತರ ಪುನರ್ವಸತಿ ಸಂಸ್ಥೆಯು ಶಿಬಿರದ ಮಕ್ಕಳ ಶಿಕ್ಷಣವನ್ನು ತನ್ನ ಮುಖ್ಯ ಕಾರ್ಯವನ್ನಾಗಿಸಿಕೊಂಡಿತು. ನಡೆಸಿದವರು ನಿರಾಶ್ರಿತರೇ. ಇಂದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯೂ 2030ರ ಹೊತ್ತಿಗೆ ಶೇ. 15ರಷ್ಟು ನಿರಾಶ್ರಿತ ಯುವಜನರು ಉನ್ನತ ಶಿಕ್ಷಣದಲ್ಲಿರಬೇಕೆಂಬ ಗುರಿ ಇಟ್ಟುಕೊಂಡಿದೆ.

ಹೋಲಿಕೆಗೆ ಮಿತಿಯಿದೆ ಎಂಬುದನ್ನು ಒಪ್ಪಬೇಕು. ಟಿಬೆಟನ್ನರಿಗೆ ದಲಾಯಿ ಲಾಮಾ ಅವರ ನಾಯಕತ್ವವಿತ್ತು, ವಿದೇಶೀ ನೆರವಿತ್ತು, ಒಂದೆಡೆ ಕೂಡಿ ಬಾಳಲು ನೆಲವಿತ್ತು. ತೋಟದ ತಮಿಳರಿಗೆ ಇದ್ದದ್ದು ದಿನಗೂಲಿ ಮತ್ತು ಲೈನ್‌ಮನೆ. ಪ್ರಜೆಗಳಾದ್ದರಿಂದ ನಿರಾಶ್ರಿತರಿಗೆ ಮೀಸಲಾದ ನೆರವು ಅವರಿಗಿಲ್ಲ, ದಾಖಲೆ ಸಾಲದ್ದರಿಂದ ಪ್ರಜೆಗಳಿಗೆ ದೊರೆಯುವ ಸವಲತ್ತೂ ಪೂರ್ಣವಾಗಿ ಕೈಗೆಟುಕುವುದಿಲ್ಲ.

ಮುಂದೇನು?

ಮಾಡಬೇಕಾದ ಕೆಲಸ ಎರಡು. ಮೊದಲನೆಯದು ಸರ್ಕಾರದ್ದು. ಒಪ್ಪಂದದಡಿ ಬಂದು ರಾಜ್ಯ ಸರ್ಕಾರದ ತೋಟದಲ್ಲಿ ನೆಲೆಗೊಂಡವರಿಗೆ 1950ರ ವಾಸದ ಪ್ರಶ್ನೆಯನ್ನು ಹೇಗೆ ಅನ್ವಯಿಸಬೇಕೆಂಬ ಬಗ್ಗೆ ಕೇಂದ್ರ ಮತ್ತು ರಾಜ್ಯಗಳು ಒಂದೇ ಧ್ವನಿಯ ಸ್ಪಷ್ಟ ಆದೇಶ ನೀಡಬೇಕು. ಕಾಯ್ದೆಯ ತೊಡಕನ್ನು ಬಿಡಿಸುವ ಹೊಣೆಯನ್ನು ತಹಶೀಲ್ದಾರರ ವಿವೇಚನೆಗೆ ಬಿಡುವುದು ಅಧಿಕಾರಿಗೂ ಅರ್ಜಿದಾರನಿಗೂ ಅನ್ಯಾಯ.

ಎರಡನೆಯದು ಸಮುದಾಯ ಮತ್ತು ಇಲ್ಲಿನ ಶಿಕ್ಷಣ ಸಂಸ್ಥೆಗಳದ್ದು. ಪದವಿ ಮುಗಿಸಿದ ತೋಟದ ಯುವಕ ಯುವತಿಯರೇ ಕಿರಿಯರಿಗೆ ಸಂಜೆ ಪಾಠ, ಅರ್ಜಿ ತುಂಬುವ ನೆರವು, ಸಿಇಟಿ ಮಾರ್ಗದರ್ಶನ ನೀಡುವ ವ್ಯವಸ್ಥೆಗೆ ದೊಡ್ಡ ಬಂಡವಾಳ ಬೇಡ. ಸಮೀಪದ ಕಾಲೇಜುಗಳು ಕೊಠಡಿ ಮತ್ತು ಗ್ರಂಥಾಲಯ ತೆರೆದರೆ ಸಾಕು. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯವು ಸಂದರ್ಶನ, ದಾಖಲೀಕರಣದ ತರಬೇತಿ ನೀಡಿದರೆ ಸಮುದಾಯದ ಚರಿತ್ರೆಯನ್ನು ಸಮುದಾಯದವರೇ ಬರೆದಾರು.

ಇದು ತಡವಾಗುವಂತಿಲ್ಲ. ಸಿಲೋನಿನ ತೋಟ, ಮಂಡಪಂ ಶಿಬಿರ, ರಾಮೇಶ್ವರದ ಹಡಗು ಇವನ್ನು ಕಣ್ಣಾರೆ ಕಂಡವರು ಇಂದು ಮುಪ್ಪಿನಲ್ಲಿದ್ದಾರೆ. 1950ರಲ್ಲಿ ನಿಮ್ಮವರು ಎಲ್ಲಿದ್ದರು ಎಂದು ಕಚೇರಿ ಕೇಳುವ ಪ್ರಶ್ನೆಗೆ ನಿಜವಾದ ಉತ್ತರ ಗೊತ್ತಿರುವುದು ಅವರಿಗೆ. ಅದನ್ನು ಕೇಳಿ ಬರೆದಿಡಬಲ್ಲ ಮೊಮ್ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತುವಂತಾಗಬೇಕು.