ದಟ್ಟಿಯನ್ನು ಅಂಗಳದಲ್ಲೇ ಅಳೆಯೋಣ

2009ರ ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ಕೆಲವೇ ದಿನಗಳಲ್ಲಿ ರಾಜ್ಯದ ಇನ್ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಮಲಪ್ರಭೆ ಉಕ್ಕಿತು, ಬೆಣ್ಣೆಹಳ್ಳ ಉಕ್ಕಿತು. ನರಗುಂದ ತಾಲ್ಲೂಕಿನ ಕೊಣ್ಣೂರು, ಲಖಮಾಪುರ, ರೋಣ ತಾಲ್ಲೂಕಿನ ಹೊಳೆಆಲೂರು, ಮೆಣಸಗಿ, ಹೊಳೆಮಣ್ಣೂರು, ಗಾಡಗೋಳಿ ಮುಂತಾದ ಹೊಳೆದಂಡೆಯ ಊರುಗಳು ನೀರು ಕಂಡವು. ಆಗ ರಾಜ್ಯ ಸರ್ಕಾರ ‘ಆಸರೆ’ ಯೋಜನೆ ತಂದಿತು. ಜಾಗ ಸರ್ಕಾರದ್ದು, ಮನೆ ಕಟ್ಟಿಸಿಕೊಡುವವರು ದಾನಿಗಳು. ಕಂಪನಿಗಳು, ಟ್ರಸ್ಟ್‌ಗಳು, ಮಠಗಳು, ಸೇವಾ ಸಂಸ್ಥೆಗಳು ಮುಂದೆ ಬಂದವು. ಎತ್ತರದ ಜಾಗಗಳಲ್ಲಿ ನವಗ್ರಾಮಗಳು ಎದ್ದವು.

ಮುಂದೆ ನಡೆದದ್ದು ಈ ಭಾಗದವರಿಗೆಲ್ಲ ಗೊತ್ತು. ಎಷ್ಟೋ ಆಸರೆ ಮನೆಗಳಿಗೆ ಒಕ್ಕಲು ಬರಲೇ ಇಲ್ಲ. ಬಾಗಿಲು, ಕಿಟಕಿ ಹಾಳಾದವು, ಸುತ್ತ ಜಾಲಿಕಂಟಿ ಬೆಳೆಯಿತು. ಹಕ್ಕುಪತ್ರ, ನೀರು, ರಸ್ತೆಗಾಗಿ ಜನ ವರ್ಷಗಟ್ಟಲೆ ಅಲೆದರು. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಅಣೆಕಟ್ಟೆಯಿಂದ ಬಿಟ್ಟ ನೀರು ಮತ್ತೆ ನುಗ್ಗಿದಾಗ, ಹಳೆಯ ಮನೆಗಳಲ್ಲೇ ಉಳಿದಿದ್ದ ಕುಟುಂಬಗಳು ದನಕರು ಹೊಡೆದುಕೊಂಡು ಮತ್ತೆ ದಿಬ್ಬ ಏರಬೇಕಾಯಿತು. ಹತ್ತು ವರ್ಷದ ಹಿಂದೆ ಅವರಿಗಾಗಿಯೇ ಕಟ್ಟಿದ ಊರು ಇದ್ದೂ ಅವರಿಗೆ ಆಸರೆ ಇರಲಿಲ್ಲ.

ನಕ್ಷೆ ಬರೆಯುವ ಮೊದಲು ಊರಿನವರನ್ನು ಕೂರಿಸಿಕೊಂಡು ಒಂದು ಸಂಜೆ ಮಾತಾಡಿದ್ದರೆ ಸಾಕಿತ್ತು. ಒಕ್ಕಲುತನದವನಿಗೆ ಮನೆ ಎಂದರೆ ಎರಡು ಕೋಣೆಯಲ್ಲಿ ಮುಗಿಯುವುದಿಲ್ಲ. ಎತ್ತು, ಎಮ್ಮೆ ಕಟ್ಟಲು ಜಾಗ ಬೇಕು, ಬಣವಿ ಒಟ್ಟಲು ಹಿತ್ತಿಲು ಬೇಕು, ಚಕ್ಕಡಿ ನಿಲ್ಲಬೇಕು, ಜೋಳ, ಕಡಲೆಯ ಚೀಲ ಇಡಬೇಕು. ನಮ್ಮ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಅಡಿಪಾಯ ಗಟ್ಟಿ ಇಲ್ಲದ ಗೋಡೆಯನ್ನು ಸೀಳಿಬಿಡುತ್ತದೆ. ಇದನ್ನು ರೋಣದ ಯಾವ ಗೌಂಡಿಯಾದರೂ ಹೇಳುತ್ತಿದ್ದ. ಆದರೆ ಒಪ್ಪಂದಕ್ಕೆ ಸಹಿ ಹಾಕಿದವರು ಸರ್ಕಾರ ಮತ್ತು ದಾನಿ. ಆ ಮನೆಯಲ್ಲಿ ಬದುಕಬೇಕಾದವನ ಸಹಿಗೆ ಕಾಗದದಲ್ಲಿ ಜಾಗವೇ ಇರಲಿಲ್ಲ.

ಸ್ವಯಂಸೇವಾ ಸಂಸ್ಥೆಗಳ ಕುರಿತ ವಾಗ್ವಾದ ಇವತ್ತು ತಪ್ಪು ಕಡೆ ನಡೆಯುತ್ತಿದೆ. ಒಂದು ಪಾಳಯ ಅವರನ್ನೆಲ್ಲ ದೇಶದ್ರೋಹಿಗಳೆಂದು ಅನುಮಾನಿಸುತ್ತದೆ, ಇನ್ನೊಂದು ಪಾಳಯ ಅವರನ್ನೆಲ್ಲ ಪುಣ್ಯಾತ್ಮರೆಂದು ಕೈಮುಗಿಯುತ್ತದೆ. ನನ್ನ ವಾದ ಬೇರೆ. ರೋಣ, ನರಗುಂದ, ಗಜೇಂದ್ರಗಡದಲ್ಲಿ ಯಾರ ಹೆಸರಿನಲ್ಲಿ ಹಣ ತರುತ್ತಾರೋ ಅವರಿಗೆ, ಅವರ ಗ್ರಾಮಸಭೆಯಲ್ಲಿ, ಕನ್ನಡದಲ್ಲಿ ಲೆಕ್ಕ ಕೊಡಬೇಕು. ಕಾನೂನು ಅದನ್ನು ಕಡ್ಡಾಯ ಮಾಡಬೇಕು.

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂಬ ಗಾದೆಯನ್ನು ಪ್ರಶ್ನೆ ಕೇಳುವವರ ಬಾಯಿ ಮುಚ್ಚಿಸಲು ಬಳಸುತ್ತಾರೆ. ಪುಕ್ಕಟೆ ಕೊಟ್ಟಿದ್ದಕ್ಕೆ ಕೊಂಕು ಯಾಕೆ ಎಂಬುದು ಅದರ ಭಾವ. ಆದರೆ ಈ ದಟ್ಟಿ ಪುಕ್ಕಟೆಯದಲ್ಲ. ದಾನ ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗುತ್ತದೆ, ಅದು ಸಾರ್ವಜನಿಕ ಬೊಕ್ಕಸಕ್ಕೆ ಬರಬೇಕಿದ್ದ ಹಣ. ಆಸರೆ ಮನೆಗಳು ಎದ್ದದ್ದು ಸರ್ಕಾರಿ ವೆಚ್ಚದ ಜಾಗದಲ್ಲಿ. ದೇಣಿಗೆ ಬಂದದ್ದು ಸಂತ್ರಸ್ತರ ಕಣ್ಣೀರಿನ ಚಿತ್ರ ತೋರಿಸಿ. ಹಾಗಾಗಿ ಅಳೆಯಲೇಬೇಕು, ಹಿತ್ತಲಲ್ಲಿ ಗೊಣಗುತ್ತ ಅಲ್ಲ, ಅಂಗಳದಲ್ಲಿ ಎಲ್ಲರೆದುರು.

ಲೆಕ್ಕ ಕೇಳುವ ಕಾನೂನು ಈಗಾಗಲೇ ಬೇಕಾದಷ್ಟಿದೆಯಲ್ಲ ಎನ್ನಬಹುದು. ಇದೆ. ಅದು ಯಾವ ದಿಕ್ಕಿಗೆ ನೋಡುತ್ತದೆ ಎಂಬುದೇ ಪ್ರಶ್ನೆ. 2020ರ ಸೆಪ್ಟೆಂಬರ್‌ನಲ್ಲಿ ಸಂಸತ್ತು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ ತಿದ್ದುಪಡಿ ತಂದಿತು. ವಿದೇಶಿ ದೇಣಿಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ಹಂಚುವಂತಿಲ್ಲ. ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿಯಿತು. ಹಣ ಮೊದಲು ಬಂದು ಬೀಳಬೇಕಾದದ್ದು ನವದೆಹಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಗೆ. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು. ದೇಶದಲ್ಲಿ ಈವರೆಗೆ 20 ಸಾವಿರಕ್ಕೂ ಹೆಚ್ಚು ಸಂಸ್ಥೆಗಳ ನೋಂದಣಿ ರದ್ದಾಗಿದೆ.

ಹೊರಗಿನ ಹಣದ ಮೇಲೆ ಕಣ್ಣಿಡುವ ಅಧಿಕಾರ ಸರ್ಕಾರಕ್ಕೆ ಇರಲೇಬೇಕು. ಆದರೆ ಹಂಚಿಕೆಯ ನಿಷೇಧದ ಏಟು ಬಿದ್ದದ್ದು ಯಾರಿಗೆ? ದೊಡ್ಡ ಸಂಸ್ಥೆಗೆ ಲೆಕ್ಕಿಗರಿದ್ದಾರೆ, ವಕೀಲರಿದ್ದಾರೆ, ದೆಹಲಿಯಲ್ಲಿ ಕಚೇರಿ ಇದೆ. ತಾಲ್ಲೂಕು ಮಟ್ಟದಲ್ಲಿ ನಾಲ್ಕಾರು ಕಾರ್ಯಕರ್ತೆಯರನ್ನು ಇಟ್ಟುಕೊಂಡು, ದೊಡ್ಡ ಸಂಸ್ಥೆಯಿಂದ ಬಂದ ಪುಟ್ಟ ಪಾಲಿನಲ್ಲಿ ಕೂಲಿಕಾರರ ಮಕ್ಕಳಿಗೋ ದೇವದಾಸಿ ಪದ್ಧತಿಯಿಂದ ಬಿಡುಗಡೆಯಾದ ಮಹಿಳೆಯರಿಗೋ ದುಡಿಯುವ ಸಂಘಕ್ಕೆ ಇವು ಯಾವುವೂ ಇಲ್ಲ. ಊರನ್ನು ಬಲ್ಲವರ ಕೈ ಬರಿದಾಯಿತು, ಊರನ್ನು ನಕ್ಷೆಯಲ್ಲಿ ನೋಡುವವರ ಕೈ ಬಲವಾಯಿತು. ಇಷ್ಟೆಲ್ಲ ಬಿಗಿ ಮಾಡಿದ ಮೇಲೂ ಮೆಣಸಗಿಯ ಹೆಣ್ಣುಮಗಳೊಬ್ಬಳು ತನ್ನೂರಿಗೆ ಎಷ್ಟು ಹಣ ಬಂತು ಎಂದು ಕೇಳಿದರೆ ಉತ್ತರಿಸಬೇಕಾದ ಹೊಣೆ ಯಾರ ಮೇಲೂ ಇಲ್ಲ.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯ ಕಥೆಯೂ ಹೀಗೇ ಇದೆ. 2014ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ನ್ನು ಸಮಾಜಕ್ಕೆ ಖರ್ಚು ಮಾಡಬೇಕು. ತಾವು ಕೆಲಸ ಮಾಡುವ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಆದರೆ ಅದು ಸೂಚನೆ ಮಾತ್ರ, ಕಡ್ಡಾಯವಲ್ಲ ಎಂದು ಕೇಂದ್ರ ಸಚಿವಾಲಯ ಸ್ಪಷ್ಟನೆ ಕೊಟ್ಟಿತು. ದೊಡ್ಡ ಯೋಜನೆಗಳ ಪರಿಣಾಮದ ಅಧ್ಯಯನ ಕಡ್ಡಾಯವಾಗಿದೆ, ಆದರೆ ಆ ವರದಿ ಹೋಗುವುದು ಕಂಪನಿಯ ಆಡಳಿತ ಮಂಡಳಿಗೆ. ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಹಗಲಿರುಳು ತಿರುಗುತ್ತಿವೆ. ಆ ಗಾಳಿಯ ಲಾಭದಲ್ಲಿ ಸಮಾಜದ ಪಾಲೆಷ್ಟು, ಅದರಲ್ಲಿ ಗುಡ್ಡದ ಕೆಳಗಿನ ಹಳ್ಳಿಗೆ ಬಂದದ್ದೆಷ್ಟು ಎಂಬುದನ್ನು ಆ ಹಳ್ಳಿಯ ಪಂಚಾಯಿತಿಯ ಮುಂದೆ ಹೇಳುವ ಬದ್ಧತೆ ಯಾವ ಕಂಪನಿಗೂ ಇಲ್ಲ.

ಮಾಹಿತಿ ಹಕ್ಕಿನ ದಾರಿಯೂ ಅರ್ಧಕ್ಕೇ ನಿಲ್ಲುತ್ತದೆ. ಸರ್ಕಾರದಿಂದ ಗಣನೀಯ ನೆರವು ಪಡೆಯುವ ಸಂಸ್ಥೆಗಳು ಆ ಕಾಯ್ದೆಗೆ ಒಳಪಡುತ್ತವೆ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು. ಖಾಸಗಿ ದೇಣಿಗೆಯಲ್ಲಿ ನಡೆಯುವವು ಹೊರಗೇ ಉಳಿದವು. ಸಂಘಗಳ ನೋಂದಣಿ ಕಾಯ್ದೆಯಡಿ ವರ್ಷಕ್ಕೊಮ್ಮೆ ಲೆಕ್ಕಪತ್ರ ಸಲ್ಲಿಸಬೇಕು ನಿಜ, ಅದು ನೋಂದಣಾಧಿಕಾರಿಯ ಕಡತ ಸೇರುತ್ತದೆ. ವಾರ್ಷಿಕ ವರದಿ ಅಚ್ಚಾಗುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ, ದಾನಿಗೆಂದು. ಅದರಲ್ಲಿ ಚಿತ್ರವಾಗಿ ಬಂದವರು ಅದನ್ನು ಓದಲಾರರು. ಇದಕ್ಕೆ ಸರ್ಕಾರವನ್ನು ಬೈದು ಪ್ರಯೋಜನವಿಲ್ಲ. ಇದು ಸಂಸ್ಥೆಗಳೇ ಮಾಡಿಕೊಂಡ ಅಭ್ಯಾಸ.

ಲೆಕ್ಕ ಕೇಳುವುದು ಈ ನೆಲಕ್ಕೆ ಹೊಸದೂ ಅಲ್ಲ. ಗದಗಿನ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದರು. ದೇಶದ ಸಹಕಾರ ಚಳವಳಿ ಆ ಊರನ್ನು ಇಂದಿಗೂ ನೆನೆಯುತ್ತದೆ. ಅಲ್ಲಿ ನೆರವು ಪಡೆಯುವವನೇ ಸದಸ್ಯ, ಸದಸ್ಯನೇ ಒಡೆಯ. 1980ರ ಜುಲೈ 21ರಂದು ನರಗುಂದದಲ್ಲಿ ರೈತರು ಬೀದಿಗಿಳಿದದ್ದೂ ಲೆಕ್ಕ ಕೇಳಲೆಂದೇ. ನೀರು ಸರಿಯಾಗಿ ಬಾರದ ಹೊಲಕ್ಕೆ ಅಭಿವೃದ್ಧಿ ಕರ ಯಾಕೆ ಎಂದು ಕೇಳಿದವರಿಗೆ ಗುಂಡು ಸಿಕ್ಕಿತು. ಅದರ ಬೆನ್ನಲ್ಲೇ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಸರ್ಕಾರವನ್ನೇ ಎದುರು ನಿಲ್ಲಿಸಿ ಕೇಳಿದ ನೆಲ ಒಬ್ಬ ದಾನಿಯನ್ನು ಕೇಳಲು ಅಳುಕಬೇಕಿಲ್ಲ.

ಗ್ರಾಮಸಭೆಗಳೇ ಸತ್ತಿವೆ, ಪಕ್ಷದವರ, ಬಲಾಢ್ಯ ಜಾತಿಯವರ ಕೈಗೆ ಈ ಅಸ್ತ್ರ ಕೊಟ್ಟರೆ ದಲಿತರ, ಮಹಿಳೆಯರ ಸಂಘಟನೆಗಳನ್ನೇ ಮೊದಲು ಹಣಿಯುತ್ತಾರೆ ಎಂಬ ಆಕ್ಷೇಪ ಬರುತ್ತದೆ. ಈ ಭಯ ನಿಜವಾದದ್ದು. ಅದಕ್ಕೇ ಗ್ರಾಮಸಭೆಗೆ ಕೊಡಬೇಕಾದದ್ದು ಕೇಳುವ ಹಕ್ಕು, ಅನುಮತಿ ಕೊಡುವ ಅಥವಾ ತಡೆಯುವ ಅಧಿಕಾರವಲ್ಲ. ಮೊತ್ತ, ಕೆಲಸ, ಗುತ್ತಿಗೆದಾರ, ನಿರ್ವಹಣೆಯ ಹೊಣೆ ಬಯಲಾಗಲಿ. ನೆರವು ಪಡೆದ ಮಹಿಳೆಯ ಹೆಸರು ಗುಟ್ಟಾಗಿಯೇ ಇರಲಿ. 2005ರ ಉದ್ಯೋಗ ಖಾತ್ರಿ ಕಾಯ್ದೆ ಸಾಮಾಜಿಕ ಲೆಕ್ಕ ಪರಿಶೋಧನೆಯನ್ನು ಕಡ್ಡಾಯ ಮಾಡಿದಾಗಲೂ ಇದೇ ಅನುಮಾನಗಳು ಎದ್ದಿದ್ದವು. ಎಷ್ಟೋ ಕಡೆ ಅದು ಕಾಟಾಚಾರವಾಯಿತು. ಆದರೆ ಕೂಲಿಕಾರರ ಸಂಘಟನೆ ಗಟ್ಟಿ ಇದ್ದಲ್ಲಿ ಸುಳ್ಳು ಹಾಜರಿ ಪಟ್ಟಿಗಳು ಬಯಲಿಗೆ ಬಂದವು. ಹಕ್ಕೇ ಇಲ್ಲದಿದ್ದರೆ ಅಷ್ಟೂ ಆಗುತ್ತಿರಲಿಲ್ಲ.

ದುಡಿಯುವ ಸಂಸ್ಥೆಗಳಿಗೆ ಇದರಿಂದ ನಷ್ಟವಿಲ್ಲ. ಹೊಳೆಆಲೂರಿನ ಜ್ಞಾನಸಿಂಧು ಶಾಲೆಯ ಅಂಧ ಮಕ್ಕಳು ಮಲ್ಲಗಂಬ ಏರುವುದನ್ನು ನಾಡು ಕಂಡಿದೆ. ಗದಗಿನ ವೀರೇಶ್ವರ ಪುಣ್ಯಾಶ್ರಮ ತಲೆಮಾರುಗಳ ಕಾಲ ಅಂಧರಿಗೆ ಸಂಗೀತ ಕಲಿಸಿದೆ. ಕೆಲಸ ಕಣ್ಣಿಗೆ ಕಾಣುವಂತಿದ್ದಾಗ ಜನ ಕೇಳುವ ಪ್ರಶ್ನೆಯೂ ಬೆಂಬಲವೇ ಆಗುತ್ತದೆ.

ಹೀಗಾಗಿ ಬೇಡಿಕೆ ಮೂರು. ಕೇಂದ್ರ ಸರ್ಕಾರ ಸಣ್ಣ ಸಂಸ್ಥೆಗಳಿಗೆ ಹಣ ಹಂಚುವುದರ ಮೇಲಿನ ನಿಷೇಧವನ್ನು ತೆಗೆಯಬೇಕು. ಬೇಕಿದ್ದರೆ ಮೊತ್ತಕ್ಕೆ ಮಿತಿ ಹಾಕಲಿ. ರಾಜ್ಯ ಸರ್ಕಾರ ಪಂಚಾಯತ್ ರಾಜ್ ಕಾಯ್ದೆಗೆ ತಿದ್ದುಪಡಿ ತಂದು, ಪಂಚಾಯಿತಿ ವ್ಯಾಪ್ತಿಯಲ್ಲಿ ದೇಣಿಗೆ ಅಥವಾ ಕಂಪನಿ ನಿಧಿ ಖರ್ಚು ಮಾಡುವವರೆಲ್ಲ ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಲೆಕ್ಕ ಮಂಡಿಸುವಂತೆ ಮಾಡಬೇಕು. ಗದಗ ಜಿಲ್ಲಾಡಳಿತ ಪ್ರತಿ ನವಗ್ರಾಮದ ಪಟ್ಟಿ ಪ್ರಕಟಿಸಬೇಕು: ಕಟ್ಟಿದವರು ಯಾರು, ಮನೆ ಎಷ್ಟು, ವಾಸವಿರುವುದು ಎಷ್ಟು, ಹಕ್ಕುಪತ್ರ ಬಾಕಿ ಎಷ್ಟು.

ಮೂರು ತಾಲ್ಲೂಕುಗಳ ಸಂಸ್ಥೆಗಳು ಕಾನೂನಿಗಾಗಿ ಕಾಯಬೇಕಿಲ್ಲ. ಬರುವ ಅಕ್ಟೋಬರ್ 2ರ ಗ್ರಾಮಸಭೆಗೆ ತಮ್ಮ ಜಮಾ-ಖರ್ಚಿನ ಪುಸ್ತಕ ಹಿಡಿದು ಬರಲಿ. ಬಾರದವರು ಯಾರೆಂದು ಊರು ಗುರುತಿಟ್ಟುಕೊಳ್ಳಲಿ, ಮುಂದಿನ ಸಲ ಅವರು ನಮ್ಮ ಹೆಸರಿನಲ್ಲಿ ಹಣ ಎತ್ತಲು ಹೊರಟಾಗ ಆ ಹೆಸರನ್ನು ಕೊಡದಿರಲಿ.