ಸೋತವರು ಮನೆಗೆ

(ಮರಳೂರಿನ ಒಬ್ಬ ವಿದ್ಯಾರ್ಥಿ, ಅಂತಿಮ ಬಿ.ಎ.)

ಕಾಲ್ಚೆಂಡಾಟದಲ್ಲಿ ಎರಡು ಬಗೆಯ ಪಂದ್ಯಾವಳಿಗಳುಂಟು. ಒಂದರಲ್ಲಿ ಪ್ರತಿಯೊಂದು ತಂಡವೂ ತನ್ನ ಗುಂಪಿನ ಉಳಿದ ತಂಡಗಳೊಡನೆ ಆಡಿ ಅಂಕಗಳನ್ನು ಗಳಿಸುತ್ತದೆ. ಒಂದು ಸೋಲು ಬಂದರೂ ಉಸಿರು ಉಳಿದಿರುತ್ತದೆ. ಇನ್ನೊಂದರಲ್ಲಿ ಗೆದ್ದವರು ಮುಂದಕ್ಕೆ, ಸೋತವರು ಮನೆಗೆ. ಈ ಎರಡನೆಯದನ್ನು ನಾವು ನಾಕೌಟ್ ಎನ್ನುತ್ತೇವೆ. ಕನ್ನಡದಲ್ಲಿ ಅದಕ್ಕೆ ಒಪ್ಪುವ ಮಾತೊಂದು ಹುಟ್ಟಲಿಲ್ಲ; ಹುಟ್ಟದಿದ್ದರೂ ಅದರ ಅರ್ಥ ನಮ್ಮ ಜಿಲ್ಲೆಯ ಆಟಗಾರರಿಗೆ ಚೆನ್ನಾಗಿ ಗೊತ್ತು. ದೊಡ್ಡ ಪಂದ್ಯಾವಳಿಗಳಲ್ಲಿ ಈ ಎರಡೂ ಬೆರೆತಿರುತ್ತವೆ. ಮೊದಲು ಗುಂಪಿನ ಆಟ, ಅನಂತರ ನಾಕೌಟ್. ಗುಂಪನ್ನು ದಾಟಿದ ತಂಡಗಳು ಮೊತ್ತಮೊದಲು ‘ಗೆಲ್ಲು, ಇಲ್ಲವೇ ಹೊರಡು’ ಎಂಬ ಮಾತನ್ನು ಎದುರಿಸುವ ಆ ಸುತ್ತಿನ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದಿದ್ದೇನೆ. ಅದು ಇರಬೇಕಾದ ಸ್ಥಳದಲ್ಲಿದ್ದರೆ ಅದಕ್ಕಿಂತ ಸೊಗಸಾದ ಆಟ ಬೇರೊಂದಿಲ್ಲ. ನಮ್ಮಲ್ಲಿ ಅದನ್ನು ಇರಬಾರದ ಸ್ಥಳದಲ್ಲಿ ಇಟ್ಟುಕೊಂಡಿದ್ದೇವೆ ಎಂಬುದು ನನ್ನ ದೂರು.

ಯೂರೋಪಿನ ಕಡೆ ಕಣ್ಣು ಹಾಯಿಸುವ ಮುನ್ನ ನಮ್ಮ ಬೆಂಗಳೂರಿನ ಉದಾಹರಣೆಯನ್ನೇ ನೋಡೋಣ. ಬೆಂಗಳೂರು ಎಫ್.ಸಿ. ಹುಟ್ಟಿದ್ದು 2013ರಲ್ಲಿ. ಮೊದಲ ವರ್ಷವೇ ಐ-ಲೀಗ್ ಗೆದ್ದು, ಏಷ್ಯದ ಕ್ಲಬ್ಬುಗಳ ನಡುವೆ ಆಡುವ ಅರ್ಹತೆ ಪಡೆಯಿತು. 2015ರ ಎ.ಎಫ್.ಸಿ. ಕಪ್‌ನಲ್ಲಿ ಗುಂಪಿನ ಹಂತವನ್ನು ದಾಟಿ ಹದಿನಾರು ತಂಡಗಳ ಸುತ್ತಿಗೆ ಬಂದು, ಹಾಂಕಾಂಗಿನ ಸೌತ್ ಚೈನಾ ತಂಡದ ಎದುರು 0–2ರಿಂದ ಸೋತು ಅಲ್ಲಿಗೇ ನಿಂತಿತು. ಮರುವರ್ಷ ಮತ್ತೆ ಅದೇ ಬಾಗಿಲಿಗೆ ಬಂದಿತು. ಆಗಿನ ನಿಯಮವೂ ಕಠಿಣವಾದುದೇ: ಆ ಸುತ್ತಿನಲ್ಲಿ ಒಂದೇ ಒಂದು ಪಂದ್ಯ, ಅದೂ ಗುಂಪಿನಲ್ಲಿ ಮೊದಲ ಸ್ಥಾನ ಪಡೆದ ತಂಡದ ಸ್ವಂತ ಮೈದಾನದಲ್ಲಿ. ಬೆಂಗಳೂರಿನವರದು ಗುಂಪಿನಲ್ಲಿ ಎರಡನೆಯ ಸ್ಥಾನ. ಆದ್ದರಿಂದ 2016ರ ಮೇ ತಿಂಗಳಲ್ಲಿ ಅವರು ಹಾಂಕಾಂಗಿಗೇ ಹೋಗಿ ಕಿಚೀ ತಂಡದ ಎದುರು ಆಡಬೇಕಾಯಿತು. ಹೋದರು, ಆಡಿದರು, 3–2ರಿಂದ ಗೆದ್ದರು.

ಆ ಗೆಲುವಿನ ಮುಂದಿನ ಕಥೆ ಬಹುಮಂದಿಗೆ ನೆನಪಿರಬಹುದು. ಸೆಪ್ಟೆಂಬರಿನಲ್ಲಿ ಸಿಂಗಪುರದ ಟ್ಯಾಂಪಿನೀಸ್ ರೋವರ್ಸ್ ಎದುರು ಕಂಠೀರವ ಕ್ರೀಡಾಂಗಣದಲ್ಲಿ ಸಿ.ಕೆ. ವಿನೀತ್ ಹೊಡೆದ ಒಂದೇ ಗೋಲಿನ ಬಲದಿಂದ ಸೆಮಿಫೈನಲ್ ಸೇರಿದರು. ಅಲ್ಲಿ ಎದುರಾದದ್ದು ಹಿಂದಿನ ವರ್ಷ ಕಪ್ ಗೆದ್ದಿದ್ದ ಮಲೇಷ್ಯದ ಜೊಹೊರ್ ದಾರುಲ್ ತಾಜಿಮ್. ಅವರ ಊರಿನಲ್ಲಿ 1–1. ಅಕ್ಟೋಬರ್ 19ರಂದು ಕಂಠೀರವದಲ್ಲಿ ಮೊದಲ ಗೋಲು ಜೊಹೊರಿನವರದೇ ಆದರೂ, ಸುನಿಲ್ ಛೆಟ್ರಿ ಎರಡು, ಹುವಾನನ್ ಒಂದು ಹೊಡೆದು 3–1 ಮಾಡಿದರು. ಭಾರತದ ಒಂದು ಕ್ಲಬ್ಬು ಆ ಕಪ್ಪಿನ ಫೈನಲ್ ಮುಟ್ಟಿದ್ದು ಅದೇ ಮೊದಲು. ಗೋವೆಯ ಡೆಂಪೊ 2008ರಲ್ಲಿ, ಕಲ್ಕತ್ತೆಯ ಈಸ್ಟ್ ಬೆಂಗಾಲ್ 2013ರಲ್ಲಿ ಸೆಮಿಫೈನಲಿನವರೆಗೆ ಮಾತ್ರ ಬಂದಿದ್ದವು. ನವೆಂಬರ್ 5ರಂದು ದೋಹಾದಲ್ಲಿ ಇರಾಕಿನ ವಾಯುಪಡೆಯ ತಂಡ ಒಂದು ಗೋಲಿನಿಂದ ನಮ್ಮವರನ್ನು ಸೋಲಿಸಿತು. ಇರಲಿ.

ನಾನು ಹೇಳಹೊರಟಿರುವುದು ಫೈನಲಿನ ಸಂಗತಿಯನ್ನಲ್ಲ. ಇದೇ ಜೊಹೊರ್ ತಂಡ ಗುಂಪಿನ ಹಂತದಲ್ಲಿಯೂ ಬೆಂಗಳೂರಿನ ಎದುರಾಳಿಯಾಗಿತ್ತು. ಆಗ ಎರಡು ಪಂದ್ಯಗಳಲ್ಲಿಯೂ ಬೆಂಗಳೂರು ಸೋತಿತ್ತು. ಪಂದ್ಯಾವಳಿ ಮೊದಲ ದಿನದಿಂದಲೇ ನಾಕೌಟ್ ಆಗಿದ್ದಿದ್ದರೆ ಆ ಎರಡರಲ್ಲಿ ಮೊದಲನೆಯ ಸೋಲಿಗೇ ನಮ್ಮವರು ಪೆಟ್ಟಿಗೆ ಕಟ್ಟಬೇಕಾಗಿತ್ತು. ಆಗ ಹಾಂಕಾಂಗೂ ಇಲ್ಲ, ದೋಹಾವೂ ಇಲ್ಲ. ಗುಂಪಿನ ಹಂತದಲ್ಲಿ ಒಂದೊಂದು ತಂಡಕ್ಕೂ ಆರು ಪಂದ್ಯಗಳು ಸಿಕ್ಕುತ್ತಿದ್ದುದರಿಂದ, ಸೋತವರಿಗೆ ಸೋಲಿನ ಕಾರಣವನ್ನು ತಿಳಿದು ತಿದ್ದಿಕೊಳ್ಳುವ ಅವಕಾಶವಿತ್ತು. ಎದುರಾಳಿಯನ್ನು ಎರಡು ಸಲ ಕಂಡು ಸೋತವರು ಮೂರನೆಯ ಸಲ ಸಮನಾಗಿ ನಿಂತರು, ನಾಲ್ಕನೆಯ ಸಲ ಗೆದ್ದರು. ಆಟ ಕಲಿಯುವುದೆಂದರೆ ಇದಲ್ಲದೆ ಮತ್ತೇನು?

ನಾಕೌಟ್ ಎಂಬುದೇ ಅನ್ಯಾಯ, ಒಂದು ದಿನದ ಅದೃಷ್ಟದ ಆಟ ಎಂದು ವಾದಿಸುವ ಸ್ನೇಹಿತರಿದ್ದಾರೆ. ಅವರ ಮಾತನ್ನು ನಾನು ಒಪ್ಪುವುದಿಲ್ಲ. 2025ರಲ್ಲಿ ಅಮೆರಿಕದಲ್ಲಿ ನಡೆದ ಕ್ಲಬ್ಬುಗಳ ವಿಶ್ವಕಪ್ಪನ್ನು ನೋಡಿ. ಮೂವತ್ತೆರಡು ತಂಡಗಳು, ಎಲ್ಲಕ್ಕೂ ಗುಂಪಿನಲ್ಲಿ ಮೂರು ಪಂದ್ಯಗಳು, ಆಮೇಲೆ ಹದಿನಾರು ತಂಡಗಳ ನಾಕೌಟ್, ಒಂದೊಂದೇ ಪಂದ್ಯ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಸಿಟಿ ಗುಂಪಿನ ಮೂರೂ ಪಂದ್ಯಗಳನ್ನು ಗೆದ್ದು, ಹದಿಮೂರು ಗೋಲು ಹೊಡೆದು, ಎರಡೇ ಗೋಲು ಕೊಟ್ಟು ಬಂದಿತ್ತು. ಸೌದಿ ಅರೇಬಿಯದ ಅಲ್ ಹಿಲಾಲ್ ಎರಡು ಪಂದ್ಯಗಳನ್ನು ಸಮ ಮಾಡಿಕೊಂಡು, ಒಂದನ್ನು ಗೆದ್ದು, ಹೇಗೋ ಒಳಗೆ ಬಂದಿತ್ತು. ಜೂನ್ 30ರಂದು ಆರ್ಲಾಂಡೊ ನಗರದಲ್ಲಿ ಇಬ್ಬರೂ ಎದುರುಬದುರಾದಾಗ, ಹೆಚ್ಚುವರಿ ಸಮಯದ ಆಟವೂ ಮುಗಿಯುವ ವೇಳೆಗೆ ಅಲ್ ಹಿಲಾಲ್ 4, ಸಿಟಿ 3. ಇದನ್ನು ಅದೃಷ್ಟವೆಂದು ತಳ್ಳಿಹಾಕುವುದು ಗೆದ್ದವರಿಗೆ ಮಾಡುವ ಅವಮಾನ. ದುಡ್ಡಿನಲ್ಲಿ ಚಿಕ್ಕದಾಗಲಿ, ಹೆಸರಿನಲ್ಲಿ ಚಿಕ್ಕದಾಗಲಿ, ಒಂದು ತಂಡ ತನಗಿಂತ ದೊಡ್ಡದನ್ನು ಒಂದು ಸಂಜೆ ನೆಲಕ್ಕೆ ಕೆಡವಬಲ್ಲುದೆಂಬ ನಂಬಿಕೆಯನ್ನು ಉಳಿಸಿರುವುದು ಈ ಸುತ್ತೇ. ಹತ್ತು ಸಲ ಆಡಿಸಿದರೆ ಹೆಚ್ಚು ಸಲ ದೊಡ್ಡವರೇ ಗೆದ್ದಾರು, ನಿಜ. ಆದರೆ ಕ್ರೀಡಾಂಗಣಕ್ಕೆ ಜನ ಬರುವುದು ಸರಾಸರಿಯನ್ನು ನೋಡಲಿಕ್ಕಲ್ಲವಷ್ಟೆ.

ಹಾಗಾದರೆ ನನ್ನ ತಕರಾರು ಏನು? ಅಲ್ ಹಿಲಾಲಿಗೂ ಸಿಟಿಗೂ, ಬೆಂಗಳೂರಿಗೂ ಕಿಚೀಗೂ ಆ ‘ಗೆಲ್ಲು, ಇಲ್ಲವೇ ಹೊರಡು’ ಎಂಬ ಪರೀಕ್ಷೆ ಬಂದದ್ದು ಹಲವು ಪಂದ್ಯಗಳನ್ನಾಡಿ ಮೈ ಬೆಚ್ಚಗಾದ ಮೇಲೆ. ನಮ್ಮ ಹುಡುಗರಿಗೆ ಅದು ಬರುವುದು ಬಸ್ಸಿಳಿದ ಕೂಡಲೇ.

ನಮ್ಮ ಕಡೆಯ ಅಂತರ-ಕಾಲೇಜು ಪಂದ್ಯಾವಳಿ ಬಹುಮಟ್ಟಿಗೆ ಹೇಗೆ ನಡೆಯುತ್ತದೆಂಬುದು ಕಾಲೇಜು ತಂಡದಲ್ಲಿ ಆಡಿದ ಎಲ್ಲರಿಗೂ ಗೊತ್ತು. ಚೀಟಿ ಎತ್ತುತ್ತಾರೆ, ಇವರಿಗೆ ಅವರು, ಅವರಿಗೆ ಇವರು. ಒಂದಿಬ್ಬರು ಪುಣ್ಯವಂತರಿಗೆ ‘ಬೈ’ ಸಿಕ್ಕುತ್ತದೆ. ಕಳೆದ ಸಲ ನಮ್ಮ ತಂಡದವರು ಹದಿನಾರು ಮಂದಿ ಬೆಳಗಿನ ಐದೂವರೆಯ ಬಸ್ಸಿಗೆ ಹೊರಟರು. ಕುಣಿಗಲ್ ಕಡೆಯ ಹುಡುಗನೊಬ್ಬ ಹಿಂದಿನ ರಾತ್ರಿಯೇ ಬಂದು ಮರಳೂರಿನಲ್ಲಿ ನಮ್ಮ ಮನೆಯಲ್ಲಿ ಮಲಗಿದ್ದ. ಗುಬ್ಬಿಯಿಂದ ಬರುವವರಿಬ್ಬರು ದಾರಿಯಲ್ಲಿ ಹತ್ತಿಕೊಂಡರು. ಪಂದ್ಯ ಹತ್ತೂವರೆಗೆ. ಕಾಣದ ಮೈದಾನ, ಎಂದೂ ಕಾಣದ ಎದುರಾಳಿ. ಇಪ್ಪತ್ತನೆಯ ನಿಮಿಷದಲ್ಲಿ ಕಾರ್ನರಿನಿಂದ ಬಂದ ಚೆಂಡು ಯಾರದೋ ಮೊಣಕಾಲಿಗೆ ತಗಲಿ ಗೋಲಿನೊಳಕ್ಕೆ ಹೋಯಿತು. ಉತ್ತರಾರ್ಧವೆಲ್ಲ ನಮ್ಮವರೇ ಆಡಿದರು, ಗೋಲು ಬರಲಿಲ್ಲ. ಹನ್ನೆರಡಕ್ಕೆ ಮುಗಿಯಿತು. ಸೋತ ತಂಡಗಳಿಗೆ ಊಟದ ಚೀಟಿ ಕೊಟ್ಟರೆಂಬುದನ್ನು ಹೇಳದಿದ್ದರೆ ತಪ್ಪಾದೀತು. ಅನ್ನ ಸಾರು ಚೆನ್ನಾಗಿತ್ತು. ಸಂಜೆಯೊಳಗೆ ಎಲ್ಲರೂ ಮನೆಯಲ್ಲಿದ್ದರು. ಐದು ತಿಂಗಳು ಅಭ್ಯಾಸ ಮಾಡಿದ ತಂಡದ ಆ ವರ್ಷದ ಆಟ ಅಷ್ಟೇ. ಹೊಸದಾಗಿ ಬೂಟು ಕೊಂಡಿದ್ದ ಪ್ರಥಮ ವರ್ಷದ ಹುಡುಗನೊಬ್ಬ ಮೈದಾನಕ್ಕೆ ಇಳಿಯಲೇ ಇಲ್ಲ.

ಗುಬ್ಬಿಯ ಹೆಸರು ಬಂದದ್ದರಿಂದ ಒಂದು ಮಾತು. ಗುಬ್ಬಿ ವೀರಣ್ಣನವರ ಕಂಪನಿಯಂಥ ನಾಟಕ ಕಂಪನಿಗಳು ಒಂದು ಊರಿನಲ್ಲಿ ಮೊಕ್ಕಾಂ ಹೂಡಿದರೆ ರಾತ್ರಿಯ ಮೇಲೆ ರಾತ್ರಿ ಆಟವಾಡುತ್ತಿದ್ದವು. ಮೊದಲ ರಾತ್ರಿ ಮಾತು ಮರೆತ ನಟನನ್ನು ಮರುದಿನ ಬೆಳಗ್ಗೆ ಊರಿಗೆ ಕಳುಹಿಸಿಬಿಟ್ಟಿದ್ದರೆ ನಮ್ಮ ರಂಗಭೂಮಿಗೆ ಎಷ್ಟು ಮಂದಿ ನಟರು ಉಳಿಯುತ್ತಿದ್ದರು? ಕಾಲ್ಚೆಂಡಿನಲ್ಲಿ ಮಾತ್ರ ಆ ಕಾಠಿಣ್ಯ ನಮಗೆ ಸಹಜವಾಗಿ ಕಾಣುತ್ತದೆ.

ನಾಕೌಟ್ ಮೊದಲ ದಿನದಿಂದಲೇ ಇದ್ದರೆ ಎಂಥವರಿಗೂ ಎಂಥ ಗತಿ ಬಂದೀತೆಂಬುದಕ್ಕೆ ನಮ್ಮ ನಾಡಿನದೇ ಒಂದು ನಿದರ್ಶನವುಂಟು. ಅದು ಕ್ಲಬ್ಬಿನದಲ್ಲ, ದೇಶದ್ದು. 1948ರ ಲಂಡನ್ ಒಲಿಂಪಿಕ್ಸ್. ಸ್ವಾತಂತ್ರ್ಯ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಜುಲೈ 31ರಂದು ಇಲ್ಫರ್ಡ್ ಮೈದಾನದಲ್ಲಿ ಭಾರತಕ್ಕೂ ಫ್ರಾನ್ಸಿಗೂ ಪಂದ್ಯ. ನಮ್ಮವರಲ್ಲಿ ಬಹುಮಂದಿ ಬರಿಗಾಲಿನವರು. ತಂಡದಲ್ಲಿ ಬೆಂಗಳೂರಿನ ಅಹಮದ್ ಖಾನ್ ಇದ್ದರು, ಸಾರಂಗಪಾಣಿ ರಾಮನ್ ಇದ್ದರು. ಫ್ರಾನ್ಸ್ ಮುಂದಿದ್ದಾಗ ಗೋಲು ಹೊಡೆದು ಸಮ ಮಾಡಿದವರು ಈ ರಾಮನ್. ಒಲಿಂಪಿಕ್ಸ್ ಕಾಲ್ಚೆಂಡಿನಲ್ಲಿ ಭಾರತದ ಮೊದಲ ಗೋಲು ಅದು. ಎರಡು ಪೆನಾಲ್ಟಿಗಳು ಕೈತಪ್ಪಿದವು. ಕೊನೆಯ ಗಳಿಗೆಯಲ್ಲಿ ಫ್ರಾನ್ಸ್ ಮತ್ತೊಂದು ಹೊಡೆದು 2–1 ಮಾಡಿತು. ಅಂಥ ಆಟವಾಡಿದ ತಂಡದ ಹೆಸರಿನ ಮುಂದೆ ಆ ಒಲಿಂಪಿಕ್ಸಿನ ಲೆಕ್ಕದಲ್ಲಿರುವುದು ಆಡಿದ ಒಂದೇ ಒಂದು ಪಂದ್ಯ. ಇನ್ನೊಂದು ಪಂದ್ಯವಿದ್ದಿದ್ದರೆ ಏನಾಗುತ್ತಿತ್ತೋ ಹೇಳಲಾಗದು. ಆದರೆ ನೋಡುವ ಭಾಗ್ಯ ಯಾರಿಗೂ ಇಲ್ಲವಾಯಿತು.

ಯೂರೋಪಿನವರೂ ಮೊದಲು ಹೀಗೆಯೇ ಇದ್ದರು, ಅವರನ್ನೇಕೆ ಹೊಗಳುತ್ತೀ ಎಂದು ಯಾರಾದರೂ ಕೇಳಬಹುದು. ಸರಿಯಾದ ಪ್ರಶ್ನೆ. 1955ರಲ್ಲಿ ಯೂರೋಪಿಯನ್ ಕಪ್ ಆರಂಭವಾದಾಗ ಹದಿನಾರು ತಂಡಗಳು, ಮೊದಲ ಸುತ್ತಿನಿಂದಲೇ ನಾಕೌಟ್. ಆದರೆ ಆಗಲೂ ಪ್ರತಿ ಸುತ್ತಿಗೆ ಎರಡು ಪಂದ್ಯಗಳು: ನಮ್ಮೂರಲ್ಲಿ ಒಂದು, ನಿಮ್ಮೂರಲ್ಲಿ ಒಂದು. ಸೋತುಹೋಗುವವನಿಗೂ ತನ್ನ ಜನದ ಮುಂದೆ ಒಮ್ಮೆ ಆಡುವ ಹಕ್ಕಿತ್ತು. ತೊಂಬತ್ತರ ದಶಕದ ಆರಂಭದಲ್ಲಿ ಗುಂಪಿನ ಹಂತ ಬಂದಿತು. 2024ರಿಂದ ಮೂವತ್ತಾರು ತಂಡಗಳು. ಪ್ರತಿಯೊಂದಕ್ಕೂ ಎಂಟು ಪಂದ್ಯಗಳು. ಮೊದಲ ಎಂಟು ಸ್ಥಾನದವರು ನೇರವಾಗಿ ಹದಿನಾರರ ಸುತ್ತಿಗೆ. ಒಂಬತ್ತರಿಂದ ಇಪ್ಪತ್ತನಾಲ್ಕರವರೆಗಿನವರು ತಮ್ಮತಮ್ಮಲ್ಲಿ ಎರಡೆರಡು ಪಂದ್ಯಗಳ ನಾಕೌಟ್ ಆಡಿ ಗೆದ್ದು ಒಳಗೆ ಬರಬೇಕು. ಇದನ್ನೆಲ್ಲ ಅವರು ಕರುಣೆಯಿಂದ ಮಾಡಿದರೆಂದು ನಾನೇನೂ ನಂಬಿಲ್ಲ. ಪಂದ್ಯಗಳು ಹೆಚ್ಚಿದಷ್ಟೂ ದೂರದರ್ಶನದ ಹಣ ಹೆಚ್ಚು. ಕಾರಣ ಏನೇ ಇರಲಿ, ಫಲ ಮಾತ್ರ ಆಟಗಾರನಿಗೂ ಒಂದಿಷ್ಟು ದಕ್ಕಿತು. ನಮ್ಮಲ್ಲಿಯೋ ಹಣವೂ ಇಲ್ಲ, ಕರುಣೆಯೂ ಇಲ್ಲ!

ಈ ಮಾತನ್ನು ಹಿರಿಯರೊಬ್ಬರ ಮುಂದೆ ಎತ್ತಿದಾಗ, “ನೋಡಪ್ಪಾ, ಲೀಗ್ ಮಾಡಲು ದಿನವೆಲ್ಲಿದೆ, ದುಡ್ಡೆಲ್ಲಿದೆ? ಪರೀಕ್ಷೆ ಬೇರೆ ತಲೆಯ ಮೇಲಿರುತ್ತದೆ” ಎಂದರು. ಅವರ ಮಾತಿನಲ್ಲಿ ತಿರುಳಿದೆ. ಎಂಟು ತಂಡಗಳನ್ನು ಎರಡು ಗುಂಪು ಮಾಡಿ ಲೀಗ್ ಆಡಿಸಿದರೆ ಗುಂಪಿನವೇ ಹನ್ನೆರಡು ಪಂದ್ಯಗಳು, ಸೆಮಿಫೈನಲ್ ಎರಡು, ಫೈನಲ್ ಒಂದು, ಒಟ್ಟು ಹದಿನೈದು. ಶುದ್ಧ ನಾಕೌಟ್ ಆದರೆ ಏಳು. ಏಳಕ್ಕೂ ಹದಿನೈದಕ್ಕೂ ಅಂತರ ಬಹಳ. ಒಂದೇ ಮೈದಾನವಿರುವ ಕಾಲೇಜಿಗೆ ಅದು ಭಾರವೇ.

ಆದರೆ ನಡುವಿನ ದಾರಿಯೊಂದಿದೆ. ಮೊದಲ ಸುತ್ತಿನ ನಾಲ್ಕು ಪಂದ್ಯಗಳು ಈಗಿನಂತೆಯೇ ನಡೆಯಲಿ. ಗೆದ್ದ ನಾಲ್ವರು ಕಪ್ಪಿಗಾಗಿ ಆಡಲಿ. ಸೋತ ನಾಲ್ವರನ್ನು ಮನೆಗೆ ಕಳುಹಿಸದೆ, ಅವರವರಲ್ಲಿಯೇ ಎರಡು ಸೆಮಿಫೈನಲ್, ಒಂದು ಫೈನಲ್ ಆಡಿಸಿ ಚಿಕ್ಕದೊಂದು ಫಲಕವನ್ನು ಕೊಡಲಿ. ಆಗ ಒಟ್ಟು ಪಂದ್ಯಗಳು ಹತ್ತು. ಈಗಿನದಕ್ಕಿಂತ ಮೂರೇ ಹೆಚ್ಚು. ಯಾವ ತಂಡಕ್ಕೂ ಎರಡಕ್ಕಿಂತ ಕಡಮೆ ಪಂದ್ಯವಿಲ್ಲ. ದಿನಗಳ ಲೆಕ್ಕವನ್ನೂ ಹಾಕಿ ನೋಡಿದ್ದೇನೆ. ಈಗ ಮೊದಲ ದಿನ ನಾಲ್ಕು ಪಂದ್ಯ, ಎರಡನೆಯ ದಿನ ಎರಡು, ಮೂರನೆಯ ದಿನ ಒಂದು. ನನ್ನ ಲೆಕ್ಕದಲ್ಲಿ ನಾಲ್ಕು, ನಾಲ್ಕು, ಎರಡು. ಅಂದರೆ ದಿನ ಒಂದೂ ಹೆಚ್ಚಲಿಲ್ಲ. ಎರಡನೆಯ ಮತ್ತು ಮೂರನೆಯ ದಿನ ಮಧ್ಯಾಹ್ನದಿಂದ ಖಾಲಿ ಬಿದ್ದಿರುತ್ತಿದ್ದ ಮೈದಾನ ತುಂಬಿತು, ಅಷ್ಟೆ. ಮೂರು ಪಂದ್ಯಗಳ ರೆಫರಿ ಭತ್ಯೆ, ನಾಲ್ಕು ತಂಡಗಳ ಒಂದು ರಾತ್ರಿಯ ವಸತಿ, ಕೊನೆಯವರೆಗೆ ನಿಲ್ಲುವ ಎರಡು ತಂಡಗಳಿಗೆ ಎರಡನೆಯ ರಾತ್ರಿಯದು ಮತ್ತು ಊಟ, ಇವಿಷ್ಟು ಹೆಚ್ಚಿನ ಖರ್ಚು. ವಸತಿಗೆ ತರಗತಿಯ ಕೊಠಡಿಗಳಿವೆ. ಜಮಖಾನ ಹಾಸಿದರೆ ಹುಡುಗರು ದೂರುವವರಲ್ಲ. ಉದ್ಘಾಟನೆಯ ದಿನದ ಶಾಮಿಯಾನ, ಹಾರ, ಶಾಲುಗಳಲ್ಲಿ ಸ್ವಲ್ಪ ಕೈ ಹಿಡಿದರೆ ಉಳಿದದ್ದೂ ಹೊರಟೀತೆಂದು ಕಾಣುತ್ತದೆ.

ಸೋತವರಿಗೆ ಬಹುಮಾನ ಕೊಟ್ಟರೆ ಸೋಲಿನ ನಾಚಿಕೆ ಹೋಗುತ್ತದೆ, ಛಲ ತಗ್ಗುತ್ತದೆ ಎಂದು ಹೇಳುವವರೂ ಇದ್ದಾರೆ. ಬೆಂಗಳೂರು ಎಫ್.ಸಿ. ಗುಂಪಿನಲ್ಲಿ ಜೊಹೊರಿಗೆ ಎರಡು ಸಲ ಸೋತಾಗ ಅವರ ಛಲ ತಗ್ಗಿತೇ? ಮತ್ತೆ ಆಡಲು ಸಿಕ್ಕಿದ್ದರಿಂದಲೇ ಆ ಛಲಕ್ಕೆ ಒಂದು ಕೆಲಸ ಸಿಕ್ಕಿತು. ಬಸ್ಸಿನ ಕಿಟಕಿಯ ಪಕ್ಕದಲ್ಲಿ ಕುಳಿತು ಮನೆಗೆ ಮರಳುವವನ ಛಲದಿಂದ ಯಾರಿಗೇನು ಪ್ರಯೋಜನ?

ಬೆಂಗಳೂರಿನವರು ಹಾಂಕಾಂಗಿನಲ್ಲಿ ಗೆದ್ದ ಆ ಸುತ್ತು ಈಗ ಇಲ್ಲ. 2017ರಲ್ಲಿ ಎ.ಎಫ್.ಸಿ. ಕಪ್ಪಿನ ರಚನೆ ಬದಲಾಗಿ ಹದಿನಾರರ ಘಟ್ಟವೇ ಹೋಯಿತು. 2024ರಲ್ಲಿ ಆ ಕಪ್ಪಿನ ಹೆಸರೂ ಹೋಗಿ ಬೇರೊಂದು ಪಂದ್ಯಾವಳಿ ಅದರ ಸ್ಥಳದಲ್ಲಿ ಬಂದಿದೆ. ಅಷ್ಟು ದೊಡ್ಡ ಪಂದ್ಯಾವಳಿಗಳೇ ಹತ್ತು ವರ್ಷಕ್ಕೊಮ್ಮೆ ತಮ್ಮ ರಚನೆಯನ್ನು ಮುರಿದು ಕಟ್ಟಿಕೊಳ್ಳುತ್ತಿರುವಾಗ, ನಮ್ಮದೊಂದು ಎಂಟು ತಂಡಗಳ ಪಂದ್ಯಾವಳಿಯ ವೇಳಾಪಟ್ಟಿಯನ್ನು ಬದಲಾಯಿಸಲು ಒಂದು ಹಾಳೆ, ಒಂದು ಪೆನ್ಸಿಲು ಸಾಕು. ಮುಂದಿನ ವರ್ಷ ಪಂದ್ಯಾವಳಿಯನ್ನು ನಡೆಸುವ ಸರದಿ ನಮ್ಮ ಕಾಲೇಜಿಗೆ ಬರಬಹುದೆಂದು ಕೇಳಿದ್ದೇನೆ. ಬಂದರೆ, ಹತ್ತು ಪಂದ್ಯಗಳ ಪಟ್ಟಿಯನ್ನು ಬರೆದಿಟ್ಟಿದ್ದೇನೆ. ಕ್ರೀಡಾ ಸಮಿತಿಯವರು ಕೇಳಿದ ದಿನ ಕೊಡುತ್ತೇನೆ.